ಹವಳಕ್ಕೆ ಬಾಯಿ ಹಾಕಿದ ಮೀನು

"ಇದು ಹವಳ ಕಚ್ಚೋ ಜಾತಿ ಅಂತಾರಲ್ಲ ಭಾವ?" ಎಂದಳು ಹಲ್ಲಮ್ಮ, ಪ್ಲಾಸ್ಟಿಕ್ ಚೀಲದೊಳಗೆ ಸುತ್ತುತ್ತಿದ್ದ ಕಿತ್ತಳೆ ಬಣ್ಣದ ಏಂಜಲ್ ಮೀನನ್ನು ನೋಡುತ್ತ.

"ಜಾತಿ ಗೀತಿ ಬಿಡು. ಒಂದೊಂದು ಮೀನಿಂದು ಒಂದೊಂದು ಗುಣ. ಇದು ಅಪ್ಪಟ ಸಾಧು," ಎಂದ ಅದನ್ನು ತಂದುಕೊಟ್ಟ ಅಕ್ಕನ ಗಂಡ.

ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಹಲ್ಲಮ್ಮ ಎಂದು ಹೆಸರಿಟ್ಟವನು ಈ ಭಾವನೇ. ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಸಾಕುವ ಹುಚ್ಚು ಹಿಡಿಸಿದವನೂ ಅವನೇ. ಆರು ವರ್ಷದ ಹಿಂದೆ ಹೆಬ್ಬೆರಳಷ್ಟಿದ್ದ ಅವಳ ಹವಳ ಈಗ ಊಟದ ತಟ್ಟೆಯಷ್ಟಾಗಿ, ಹಸಿರು ತಿರುಳು ಉಬ್ಬಿಸಿಕೊಂಡು ಮಹಾರಾಣಿಯಂತೆ ಕೂತಿರುತ್ತಿತ್ತು. ಅದಕ್ಕೊಂದು ಗೀರು ಬಿದ್ದರೂ ಅವಳಿಗೆ ಊಟ ಸೇರುತ್ತಿರಲಿಲ್ಲ. ಅಂಥವಳು ಭಾವನ ಮಾತು ನಂಬಿ ಮೀನನ್ನು ಒಳಗೆ ಬಿಟ್ಟಳು.

ನಾಲ್ಕನೇ ದಿನ ಹವಳ ಮುದುಡಿತು. ಅಂಚಿನಲ್ಲಿ ಸಣ್ಣ ಬಿಳಿ ಗಾಯಗಳು. ದಿನವಿಡೀ ಮೇಣದ ಮೇಲೆ ಜನರ ಹಲ್ಲಿನ ಗುರುತು ನೋಡುವವಳಿಗೆ ಅದೇನೆಂದು ತಿಳಿಯದೆ ಇರುತ್ತದೆಯೇ? ಫೋನ್ ಮಾಡಿದಳು.

"ದೀಪ ಜಾಸ್ತಿ ಆಗಿದೆ, ಕಡಿಮೆ ಮಾಡು," ಎಂದ ಭಾವ. ಮಾಡಿದಳು. ಮರುವಾರ ಉಪ್ಪು ಏರುಪೇರಾಗಿದೆ ಎಂದ. ಬಕೆಟ್ಟುಗಟ್ಟಲೆ ನೀರು ಹೊತ್ತು ಹಾಕಿ ಸೊಂಟ ಬಿದ್ದುಹೋಯಿತು. "ಮೀನಿನ ಮೇಲೆ ಅನುಮಾನ ಇದ್ರೆ ಒಂದು ಗಂಟೆ ಎದುರಿಗೆ ಕೂತು ನೋಡು," ಎಂದ. ಕೂತಳು. ಮೀನು ಗಾಜಿಗೆ ಮೂತಿಯೊತ್ತಿ ಬಾಲ ಅಲ್ಲಾಡಿಸುತ್ತ ಅವಳನ್ನೇ ನೋಡಿತೇ ಹೊರತು ಹವಳದ ಗೊಡವೆಗೇ ಹೋಗಲಿಲ್ಲ. ಪಾಪದ ಪ್ರಾಣಿಯ ಮೇಲೆ ಸುಮ್ಮನೆ ಗೂಬೆ ಕೂರಿಸಿದೆನಲ್ಲ ಎಂದು ನಾಚಿಕೆಯೂ ಆಯಿತು.

ಮೂರನೇ ವಾರ, ಕೆಲಸಕ್ಕೆ ಹೊರಡುವ ಮುನ್ನ ತೊಟ್ಟಿಗೆ ಬೆನ್ನುಹಾಕಿ ತಲೆ ಬಾಚುತ್ತಿದ್ದಳು. ಕನ್ನಡಿಯಲ್ಲಿ ಕಂಡಿತು: ಆ ಸಾಧು ಮೀನು ಹವಳದ ತಿರುಳಿಗೆ ಬಾಯಿ ಹಾಕಿ, ಕಿತ್ತು, ಮತ್ತೆ ಹಾಕಿತು. ತಿರುಗಿದಳು. ಅದು ಗಾಜಿನ ಬಳಿ ಓಡಿಬಂದು ಬಾಲ ಅಲ್ಲಾಡಿಸಿತು. ಎದುರಿಗೆ ಜನ ನಿಂತರೆ ಊಟ ಬರುತ್ತದೆಂದು ಮೀನಿಗೆ ಗೊತ್ತು. ಎದುರಿಗೆ ಕೂತು ನೋಡು ಎಂದ, ಇಪ್ಪತ್ತು ವರ್ಷ ಮೀನು ಸಾಕಿದ ಭಾವನಿಗೆ ಅದು ಗೊತ್ತಿರಲಿಲ್ಲವೇ?

ಅರ್ಧ ಬಾಚಿದ ತಲೆಯಲ್ಲೇ ಅವನ ಮನೆಗೆ ಹೋದಳು. "ಗೊತ್ತಿತ್ತಾ ನಿಮಗೆ?"

ಭಾವ ತಲೆ ಕೆರೆದುಕೊಂಡ. "ನನ್ನ ತೊಟ್ಟೀಲಿ ಎರಡು ಹವಳ ತಿಂದುಹಾಕ್ತು. ಒಳ್ಳೆ ಬಣ್ಣದ ಮೀನು, ಬಿಸಾಡೋಕೆ ಮನಸ್ಸಾಗ್ಲಿಲ್ಲ. ಜಾಗ ಬದಲಾದ್ರೆ ಬುದ್ಧೀನೂ ಬದಲಾಗುತ್ತೇನೋ, ನೋಡೋಣ ಅಂತ..."

"ನನ್ನ ಹವಳದ ಮೇಲೆ ನೋಡಿದ್ರಾ?"

"ಪೂರ್ತಿ ಹಾಳಾಗೋಕೆ ಬಿಡ್ತೀನಾ? ಅದಕ್ಕೇ ಮೀನು ತರೋ ಹಿಂದಿನ ವಾರ ನಿನ್ನ ಹತ್ರ ಒಂದು ತುಂಡು ಇಸ್ಕೊಂಡಿದ್ದು. ಬೇರೆ ತೊಟ್ಟೀಲಿ ಇಟ್ಟಿದ್ದೆ, ನೋಡಿಲ್ಲಿ, ಹೆಂಗಿದೆ!"

ಚೆನ್ನಾಗಿಯೇ ಇತ್ತು, ಹಸಿರಾಗಿ ಉಬ್ಬಿಕೊಂಡು. ಒಬ್ಬರ ತೊಟ್ಟಿ ಕೆಟ್ಟರೆ ಇನ್ನೊಬ್ಬರ ಹತ್ತಿರ ಉಳಿಯಲಿ ಎಂದು ಹವಳ ಸಾಕುವವರು ತುಂಡು ಹಂಚಿಕೊಳ್ಳುವುದುಂಟು. ಭಾವ ಕೇಳಿದನಲ್ಲಾ ಎಂದು ಹಿಗ್ಗಿ, ಅವಳೇ ಗರಗಸ ಹಿಡಿದು ಒಳ್ಳೆಯ ಭಾಗವನ್ನೇ ಕೊಯ್ದುಕೊಟ್ಟಿದ್ದಳು. ಕೆಡುವುದು ಯಾರ ತೊಟ್ಟಿ ಎಂದು ಅವನು ಆಗಲೇ ಲೆಕ್ಕ ಹಾಕಿದ್ದ. ಸಿಟ್ಟಿಗಿಂತ ಮೊದಲು ಅವಳಿಗೆ ಅಳು ಬಂತು.

"ಅಳ್ಬೇಡ ಮಾರಾಯ್ತಿ, ಇದನ್ನ ತಗೊಂಡು ಹೋಗು. ಮೀನನ್ನ ನಾನೇ ಬಂದು ಹಿಡ್ಕೊಂಡು ಬರ್ತೀನಿ," ಎಂದು ಭಾವ ತುಂಡನ್ನು ನೀರಿನ ಚೀಲಕ್ಕೆ ಇಳಿಸಿ ಗಂಟು ಹಾಕಿದ. "ಮೂರು ದಿನ ಮಾತ್ರ ಇದಕ್ಕೆ ತಿನ್ನೋಕೆ ಏನೂ ಹಾಕ್ಬೇಡ."

ಚೀಲ ಎದೆಗವಚಿಕೊಂಡು ಅವಳು ಬೀದಿಗಿಳಿದಳು. ಮೂರು ದಿನ ಹಾಕಬಾರದೋ, ಹಾಕಬೇಕೋ? ಹವಳದ ಬಗ್ಗೆ ಅವಳಿಗೆ ಗೊತ್ತಿದ್ದುದೆಲ್ಲ ಅವನು ಹೇಳಿಕೊಟ್ಟದ್ದೇ. ಕೇಳೋಣವೆಂದರೆ ಬೇರೆ ಯಾರೂ ಇರಲಿಲ್ಲ.