ಮೀಸಲು ತೂಕ

"ತೊಂಬತ್ತೊಂದು," ಎಂದನು ಸೌದೆ ಡಿಪೋದ ಕರಿಬಸವಯ್ಯ. ಕಾಟಾದ ಹಿತ್ತಾಳೆಯ ಗುಂಡನ್ನು ಒಂದು ಗೆರೆ ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ತಂದು, ಕಂಬಿ ಅಲುಗದೆ ನಿಂತುದನ್ನು ನೋಡಿ, "ತೊಂಬತ್ತೊಂದೇ ಬೈರಣ್ಣ. ಹೋದ್ ಸೋಮವಾರ ಎಂಬತ್ತೊಂಬತ್ತು. ಅದ್ರ ಹಿಂದಿನ್ ಸೋಮವಾರ ಎಂಬತ್ತೆಂಟು. ನೀನು ವಾಕಿಂಗ್ ಹೋಗ್ತಿದೀಯೋ, ಬೀಗರೂಟಕ್ಕೆ ಹೋಗ್ತಿದೀಯೋ?" ಎಂದು ಕೇಳಿದನು.

ಬೈರಣ್ಣ ಸೌದೆ ತೂಗುವ ಆ ಹಲಗೆಯಿಂದ ಇಳಿಯಲಿಲ್ಲ. ಅಂಗಿಯ ಜೇಬಿನಿಂದ ಬೀಗದ ಕೈಗಳ ಗೊಂಚಲನ್ನು ತೆಗೆದು ಸೌದೆಯ ಒಟ್ಟಿಲ ಮೇಲಿಟ್ಟನು. ಚಪ್ಪಲಿ ಕಳಚಿದನು. ಹೆಗಲ ಮೇಲಿನ ಟವೆಲನ್ನೂ ತೆಗೆದನು. ಗುಂಡು ಇದ್ದಲ್ಲಿಯೇ ಇತ್ತು.

"ನಿನ್ ಕಾಟಾನೇ ಸುಳ್ಳು ಹೇಳ್ತೈತೆ ಕಣಯ್ಯ."

"ಸುಳ್ಳು ಹೇಳೋದಾದ್ರೆ ಸೌದೆ ಕೊಳ್ಳೋರಿಗೆ ಹೇಳ್ತಿತ್ತು. ನಿನಗೆ ಹೇಳಿ ಅದಕ್ಕೇನ್ ಸಿಗ್ತದೆ?"

ಆದರೂ ಡಿಪೋದ ಮೂಲೆಯಲ್ಲಿದ್ದ ಮುದ್ರೆಯ ತೂಕದ ಕಲ್ಲುಗಳನ್ನು ಕರಿಬಸವಯ್ಯನೇ ತಂದು ಹಲಗೆಯ ಮೇಲಿಟ್ಟು ತೋರಿಸಿದನು. ಇಪ್ಪತ್ತು ಕಿಲೋ ಇಪ್ಪತ್ತಾಗಿಯೇ ನಿಂತಿತು. ಬೈರಣ್ಣ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ಅದನ್ನೇ ದಿಟ್ಟಿಸಿದನು. ಅವನಿಗೆ ಕೋಪಕ್ಕಿಂತಲೂ ವಿಸ್ಮಯವೇ ಹೆಚ್ಚಾಗಿತ್ತು. ಕಣಜದ ರಾಗಿ ಕಡಿಮೆಯಾದರೆ ಕದ್ದವರುಂಟು ಎನ್ನಬಹುದು. ಏರಿದರೆ ಏನೆನ್ನುವುದು?

ಬೈರಣ್ಣನಿಗೆ ಐವತ್ತೆರಡು ವರ್ಷ. ಸಾರಕ್ಕಿಯಲ್ಲಿ ಅವನ ಮನೆತನಕ್ಕೆ ಆರು ಎಕರೆ ನೆಲವಿತ್ತು. ಅದು ಬಡಾವಣೆಗೆ ಸೇರಿ ಜೆ.ಪಿ. ನಗರದ ಅಡ್ಡರಸ್ತೆಗಳಾಗಿ ಎಂಟು ವರ್ಷ ಕಳೆದಿತ್ತು. ನೇಗಿಲು ಅಟ್ಟ ಸೇರಿತು. ಊಟ ಮಾತ್ರ ನೇಗಿಲು ಹಿಡಿದವನ ಊಟವಾಗಿಯೇ ಉಳಿಯಿತು. ಬಾಡಿಗೆಗೆ ಕೊಟ್ಟ ನಾಲ್ಕು ಮನೆಗಳ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದೇ ಉದ್ಯೋಗವಾದ ಮೇಲೆ ಮೈ ಬೆಳೆಯಿತು, ಹಿಂದೆಯೇ ಸಕ್ಕರೆ ಕಾಯಿಲೆಯೂ ಬಂದಿತು. ಕಳೆದ ಕಾರ್ತಿಕದಲ್ಲಿ ಎಡಗಾಲಿನ ಹೆಬ್ಬೆರಳಿಗಾದ ಸಣ್ಣ ಗಾಯವು ಮಾಯದೆ ಕೊಳೆತು, ಹದಿನೆಂಟು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಸಿತು. ಕಾಲು ಉಳಿದದ್ದೇ ಹೆಚ್ಚು. "ಈ ಸಲ ಉಳಿಸಿದೀನಿ," ಎಂದಿದ್ದರು ಜಯನಗರದ ಡಾಕ್ಟರ್ ದೇವದಾಸ್. "ಇನ್ನೊಂದು ಸಲ ಬಂದ್ರೆ ಉಳಿಸ್ತೀನಿ ಅಂತ ಮಾತು ಕೊಡಲ್ಲ. ಎಂಬತ್ತು ಕೆ.ಜಿ.ಗೆ ಇಳೀರಿ. ದಿನಾ ನಡೀರಿ. ಬರಿಗಾಲಲ್ಲಿ ಮಾತ್ರ ಒಂದ್ ಹೆಜ್ಜೇನೂ ಬೇಡ."

ಆ ದಿನಗಳಲ್ಲಿ ಅವನ ಹೆಂಡತಿ ಮುನಿಲಕ್ಷ್ಮಮ್ಮ ಆಸ್ಪತ್ರೆಯ ಜಗಲಿಯಲ್ಲಿ ಕುಳಿತು, ಕಾಲು ಉಳಿದರೆ ಊರ ಗೋಪಾಲಸ್ವಾಮಿಗೆ ಗಂಡನ ತೂಕದಷ್ಟು ಬೆಲ್ಲದ ತುಲಾಭಾರ ಮಾಡಿಸುವೆನೆಂದು ಹರಕೆ ಹೊತ್ತಳು. ಬರುವ ಉತ್ಥಾನ ದ್ವಾದಶಿಯೊಳಗೆ ಅದನ್ನು ತೀರಿಸಬೇಕಾಗಿತ್ತು.

ನಡೆಯುವುದೇನೋ ಡಾಕ್ಟರು ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲು ಅವನು ಜಯನಗರದ ಪಾರ್ಕೊಂದಕ್ಕೆ ಹೋದನು. ಕ್ಯಾನ್ವಾಸ್ ಶೂಸು ತೊಟ್ಟ ನಿವೃತ್ತ ಅಧಿಕಾರಿಗಳ ಹಿಂದೆ ಮೂರು ದಿನ ಸುತ್ತಿ, "ಸುತ್ತಿದ್ದನ್ನೇ ಸುತ್ತೋಕೆ ನಾನೇನ್ ಗಾಣದ ಎತ್ತಾ?" ಎಂದು ಬಿಟ್ಟುಬಿಟ್ಟನು. ಹದಿನೈದು ದಿನ ಮನೆಯಲ್ಲೇ ಕುಳಿತ ಮೇಲೆ, ಒಂದು ಬೆಳಗ್ಗೆ ಏನೋ ತೋಚಿ, ತನ್ನ ಹಳೆಯ ಹೊಲದ ಬದುಗಳು ಎಲ್ಲೆಲ್ಲಿ ಹಾದುಹೋಗಿದ್ದವೋ ಅಲ್ಲಲ್ಲಿಯೇ ನಡೆದು ನೋಡಿದನು. ಬಾವಿಹೊಲದ ಮೂಲೆಯಲ್ಲಿ ಈಗ ಇಸ್ತ್ರಿ ಅಂಗಡಿ. ಹುರುಳಿ ಹೊಲದ ನಡುವೆ ಇಪ್ಪತ್ತನಾಲ್ಕನೆಯ ಮುಖ್ಯರಸ್ತೆ. ಕಾಲು ಮಾತ್ರ ಮರೆತಿರಲಿಲ್ಲ. ತಿರುವು ಬಂದಲ್ಲಿ ತಾನಾಗಿಯೇ ತಿರುಗುತ್ತಿತ್ತು. ಯಾರದೋ ಕಾಂಪೌಂಡು ಅಡ್ಡಬಂದರೆ ಅದರ ಬುಡದಲ್ಲೇ ಸುತ್ತಿಬಂದು ಮತ್ತೆ ತನ್ನ ಬದುವನ್ನು ಹಿಡಿಯುತ್ತಿದ್ದನು. ಒಂದು ಮನೆಯ ಗೃಹಿಣಿ ನಾಲ್ಕು ದಿನ ನೋಡಿ, ಐದನೆಯ ದಿನ ಗೇಟಿಗೆ ಬಂದು, "ಯಾರ್ ಬೇಕಿತ್ತು?" ಎಂದು ಕೇಳಿದಳು.

"ಯಾರೂ ಬೇಡ ಮೇಡಂ. ಬದ ನೋಡ್ತಿದೀನಿ."

ದಿನಕ್ಕೆ ಮೂರು ಪ್ರದಕ್ಷಿಣೆ. ಸೋಮವಾರ ಡಿಪೋ ತೆರೆಯುವ ಮುನ್ನ ಕಾಟಾ. ನೂರಾ ಎರಡಿದ್ದದ್ದು ತೊಂಬತ್ತೆಂಟಾಯಿತು, ತೊಂಬತ್ಮೂರಾಯಿತು, ಶ್ರಾವಣ ಹುಟ್ಟುವ ಹೊತ್ತಿಗೆ ಎಂಬತ್ತೆಂಟಾಯಿತು. ಭಯದಿಂದ ಆರಂಭವಾದದ್ದು ಈಗ ಕುತೂಹಲದಿಂದ ಸಾಗುತ್ತಿತ್ತು. ಇಳಿದ ತೂಕ ಹೋಗುವುದಾದರೂ ಎಲ್ಲಿಗೆ ಎಂದು ಅವನು ಡಾಕ್ಟರನ್ನೇ ಕೇಳಿದ್ದನು.

"ಬೆವರಲ್ಲಿ ಒಂದಿಷ್ಟು, ಉಸಿರಲ್ಲಿ ಒಂದಿಷ್ಟು."

"ಹದಿನಾಲ್ಕು ಕೇಜಿ ಉಸಿರಾ ಸಾರ್?"

ಡಾಕ್ಟರು ನಕ್ಕಿದ್ದರು. ಬೈರಣ್ಣ ನಕ್ಕಿರಲಿಲ್ಲ.

ಈಗ ತೂಕ ಏರತೊಡಗಿದಾಗಲೂ ಅವನು ಅದೇ ಶ್ರದ್ಧೆಯಿಂದ ಶೋಧನೆಗೆ ಇಳಿದನು. ಬಾವಿ ಹಗ್ಗದಿಂದ ದಾರಿಯನ್ನು ಅಳೆದನು. ಒಂದು ಮಾರೂ ಕಡಿಮೆಯಾಗಿರಲಿಲ್ಲ. ಹೋಟೆಲಿನ ಮುಂದೆ ಹಾಯುವುದನ್ನೂ ಬಿಟ್ಟನು. ಮನೆಯಲ್ಲಿ ಮಧ್ಯಾಹ್ನಕ್ಕೆ ಒಂದೇ ಮುದ್ದೆ, ಅದೂ ಹಿಂದಿನದರ ಅರ್ಧ. ಅದು ಈಚೆಗೆ ಎಂದಿಲ್ಲದ ರುಚಿಯಾಗಿ ತೋರುತ್ತಿತ್ತು. ನಡೆದವನ ಹಸಿವಿಗೆ ಅನ್ನ ಅಮೃತವಾಗುವುದು ಸಹಜವೆಂದು ಅವನು ಬಗೆದನು.

ಆ ಗುರುವಾರ ಎರಡನೆಯ ಸುತ್ತಿನಲ್ಲಿ ಚಪ್ಪಲಿಯ ಉಂಗುಷ್ಟ ಕಿತ್ತುಬಂದಿತು. ಬರಿಗಾಲು ಕೂಡದೆಂಬ ಡಾಕ್ಟರ ಮಾತು ನೆನಪಾಗಿ, ಟವೆಲನ್ನು ಪಾದಕ್ಕೆ ಸುತ್ತಿಕೊಂಡು ಬೇಗನೆ ಮನೆಗೆ ಬಂದನು. ಹಿತ್ತಿಲ ಬಾಗಿಲಿನಿಂದ ಒಳಹೊಕ್ಕಾಗ ಮುನಿಲಕ್ಷ್ಮಮ್ಮ ಒಲೆಯ ಮುಂದಿದ್ದಳು. ಮುದ್ದೆಯ ಮಡಕೆಯನ್ನು ಕಾಲಿನ ನಡುವೆ ಒತ್ತಿಹಿಡಿದು, ಒಂದು ಕೈಯಲ್ಲಿ ಕೋಲು ತಿರುವುತ್ತ, ಮತ್ತೊಂದು ಕೈಯಲ್ಲಿ ಗಿಂಡಿಯಿಂದ ತುಪ್ಪ ಸುರಿಯುತ್ತಿದ್ದಳು. ಒರಳಿನಲ್ಲಿ ಸಾರಿಗೆಂದು ರುಬ್ಬಿದ ಕಡಲೆಕಾಯಿಬೀಜ ಗುಡ್ಡೆಯಾಗಿ ಹೊಳೆಯುತ್ತಿತ್ತು.

"ಇದೇನಮ್ಮಿ ಇದು?"

ಅವಳು ಬೆಚ್ಚಲಿಲ್ಲ. "ತುಪ್ಪ. ಕಣ್ ಕಾಣಲ್ವಾ?"

"ನಾನು ಇಷ್ಟ್ ತಿಂಗ್ಳು ಕಾಲ್ ಸವೆಸ್ತಿದೀನಿ, ನೀನು ಇಲ್ಲಿ ತುಂಬ್ತಿದೀಯಾ? ನನ್ನ ಸಾಯಿಸ್ಬೇಕು ಅಂತಾನಾ?"

"ಸಾಯ್ಲಿ ಅಂತಿದ್ರೆ ಹರಕೆ ಯಾಕ್ ಹೊರ್ತಿದ್ದೆ?" ಅವಳು ಕೋಲನ್ನು ಮಡಕೆಯ ಅಂಚಿಗೆ ಬಡಿದಳು. "ಆವತ್ತು ಆಸ್ಪತ್ರೇಲಿ ನರ್ಸಮ್ಮ ನೂರಾ ಎರಡು ಅಂದ್ಲು. ಸ್ವಾಮಿ, ಈ ನೂರಾ ಎರಡೂ ನಿಂದು, ಇವರನ್ನ ಎರಡು ಕಾಲಲ್ಲಿ ಮನೆಗೆ ಕಳ್ಸು ಅಂತ ಬಾಯ್ಬಿಟ್ಟು ಹೇಳಿದೀನಿ. ಕಳಿಸಿದ್ನೋ ಇಲ್ವೋ? ಆಮೇಲೆ ಅದು ಮೀಸಲು. ಮೀಸಲಿಟ್ಟಿದ್ದನ್ನ ನಾವು ಮುಟ್ತೀವಾ? ನೀವು ದಿನಾ ಬೆಳಗ್ಗೆ ಹೋಗಿ ರೋಡಲ್ಲಿ ಸುರ್ಕೊಂಡ್ ಬರ್ತಿದೀರಿ!"

ಮೀಸಲೆಂದರೆ ಏನೆಂಬುದು ಬೈರಣ್ಣನಿಗೆ ತಿಳಿಯದ್ದಲ್ಲ. ದೇವರ ಹೆಸರಿನಲ್ಲಿ ಗಂಟು ಕಟ್ಟಿಟ್ಟ ರಾಗಿಯನ್ನು ಬರಗಾಲದಲ್ಲಿಯೂ ಅವನ ತಾಯಿ ಬಿಚ್ಚಿರಲಿಲ್ಲ. ಅವನೇ ಹಸಿವಿನಿಂದ ಅತ್ತಿದ್ದನು. ತನ್ನ ಮೈಯೂ ಅಂಥದೊಂದು ಗಂಟಾಗಿದೆಯೆಂದು ಮಾತ್ರ ಅವನು ಎಣಿಸಿರಲಿಲ್ಲ.

ಆ ಸಂಜೆಯೇ ಇಬ್ಬರೂ ಗುಡಿಗೆ ಹೋದರು. ಅರ್ಚಕರು ಎಲ್ಲವನ್ನೂ ಕೇಳಿ, "ತೂಗುವ ದಿವಸ ಎಷ್ಟಿರುತ್ತದೋ ಅಷ್ಟೇ ಸಲ್ಲುವುದಮ್ಮ. ಶಾಸ್ತ್ರ ಹಾಗೆಯೇ ಹೇಳುತ್ತದೆ. ಇಳಿದುದಕ್ಕೆ ದೋಷವಿಲ್ಲ," ಎಂದು ಮಂಗಳಾರತಿಯ ತಟ್ಟೆಯನ್ನು ಮುಂದೆ ಹಿಡಿದರು. ಅವಳು ಕೈಮುಗಿದು ಆರತಿಯನ್ನು ಕಣ್ಣಿಗೊತ್ತಿಕೊಂಡಳು. ಹೊರಗೆ ಬಂದ ಮೇಲೆ, "ಮಾತಾಡ್ದೋಳು ನಾನು. ಕೇಳಿಸ್ಕೊಂಡೋನು ಅವನು. ನಡುವೆ ಇವರ್ದೇನು?" ಎಂದಳು.

ಎರಡು ದಿನ ಬೈರಣ್ಣ ನಡೆಯಲು ಹೋಗಲಿಲ್ಲ. ನಡೆದರೆ ಹೆಂಡತಿಯ ಮಾತು ಸುಳ್ಳಾಗುತ್ತದೆ. ನಡೆಯದಿದ್ದರೆ ಕಾಲು ಹೋಗುತ್ತದೆ. ಹೊಲಿಸಿ ತಂದ ಚಪ್ಪಲಿಯನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕುಳಿತನು. ಮೂರನೆಯ ಬೆಳಗ್ಗೆ ಕುಳಿತಿರಲಾಗದೆ ಎದ್ದನು. ಮೊದಲನೆಯ ಸುತ್ತಿನ ಕೊನೆಯಲ್ಲಿ ಹುರುಳಿ ಹೊಲದ ತೆಂಕಣ ಮೂಲೆ ಬಂದಿತು. ಅಲ್ಲೊಂದು ನಿವೇಶನದಲ್ಲಿ ಇನ್ನೂ ಮನೆ ಎದ್ದಿರಲಿಲ್ಲ. ಪಾರ್ಥೇನಿಯಂ ಗಿಡಗಳ ನಡುವೆ ನೆಲ ಕೆಂಪಗೆ, ರಾತ್ರಿಯ ಮಳೆಗೆ ಉಬ್ಬಿ ಮಲಗಿತ್ತು. ಅವನು ಕುಕ್ಕರಗಾಲಿನಲ್ಲಿ ಕುಳಿತು ಒಂದು ಹಿಡಿ ಮಣ್ಣನ್ನು ಎತ್ತಿ, ಬೆರಳ ಸಂದಿಯಿಂದ ಉದುರಿಸಿ, ಮತ್ತೆ ಎತ್ತಿದನು. ವರ್ಷದ ಹಿಂದೆ ಹೀಗೆ ಕುಕ್ಕರಿಸುವುದು ಅವನಿಂದ ಆಗುತ್ತಿರಲಿಲ್ಲವೆಂಬುದು ನಡುವೆಯೇ ಹೊಳೆದು, ಅವನು ಒಮ್ಮೆ ಎದ್ದು, ಪುನಃ ಕುಳಿತು ನೋಡಿದನು.

"ಏನ್ರೀ, ಇವತ್ತು ಬದ ಬಿಟ್ಟು ಮಣ್ಣಿಗೆ ಕೈ ಹಾಕಿದೀರಾ?" ಎದುರು ಮನೆಯ ಗೇಟಿನಿಂದ ಅದೇ ಗೃಹಿಣಿಯ ಧ್ವನಿ.

"ಇಲ್ಲಿ ಒಂದಿಷ್ಟು ಬೀಳಿಸ್ಕೊಂಡಿದೀನಿ ಮೇಡಂ. ತಗೊಂಡ್ ಹೋಗ್ತೀನಿ."

ಮಾರನೆಯ ಸೋಮವಾರ ಅವನು ಮುನಿಲಕ್ಷ್ಮಮ್ಮನನ್ನು ಡಿಪೋಗೆ ಕರೆದುಕೊಂಡು ಬಂದನು. ಅವಳು ಸೆರಗನ್ನು ಬಿಗಿಯಾಗಿ ಹೊದ್ದು, ಸೌದೆಯ ಧೂಳಿಗೆ ಮೂಗು ಮುಚ್ಚಿ ನಿಂತಳು. ಮೊದಲು ಬೈರಣ್ಣ ಒಬ್ಬನೇ ಕಾಟಾದ ಮೇಲೆ ನಿಂತನು.

"ತೊಂಬತ್ತು," ಎಂದನು ಕರಿಬಸವಯ್ಯ.

ಬೈರಣ್ಣ ತಾನು ತಂದಿದ್ದ ಗೋಣಿಚೀಲವನ್ನು ಎದೆಗೆ ಅವಚಿಕೊಂಡು ಮತ್ತೆ ಹತ್ತಿದನು. ಕರಿಬಸವಯ್ಯ ಗುಂಡನ್ನು ಸರಿಸಿದನು. "ನೂರಾ ಒಂದೂ ಮುಕ್ಕಾಲು."

ಬೈರಣ್ಣ ಇಳಿದು, ಟವೆಲಿನಲ್ಲಿ ಉಳಿದಿದ್ದ ಮಣ್ಣನ್ನು ಚೀಲಕ್ಕೆ ಸುರಿದು, ಮತ್ತೆ ಹತ್ತಿದನು.

"ನೂರಾ ಎರಡು. ಆಸ್ಪತ್ರೆ ಬೈರಣ್ಣ ವಾಪಸ್ ಬಂದ!"

ಮುನಿಲಕ್ಷ್ಮಮ್ಮ ನಗಲಿಲ್ಲ. "ಚೀಲದಲ್ಲೇನು?"

"ಹುರುಳಿ ಹೊಲ. ರೋಡಲ್ಲಿ ಸುರ್ಕೊಂಡ್ ಬಂದೆ ಅಂದ್ಯಲ್ಲ. ಸುರಿದ್ ಜಾಗದಿಂದ್ಲೇ ತಂದಿದೀನಿ. ನಾನು ಇಳಿದಷ್ಟೂ ಇದಕ್ಕೆ ತುಂಬ್ತೀನಿ. ಆವತ್ತು ಇದನ್ನೂ ಹೊತ್ಕೊಂಡೇ ತಕ್ಕಡೀಲಿ ಕೂರ್ತೀನಿ. ಒಂದ್ ಗ್ರಾಮೂ ಕಮ್ಮಿ ಇಲ್ಲ."

"ಮಣ್ಣು ನಿಮ್ ಮೈ ಆಗ್ತದಾ?"

"ಈ ಮೈ ಎಲ್ಲಿಂದ ಬಂತು ಮತ್ತೆ? ನಲವತ್ತು ವರ್ಷ ಅಲ್ಲಿ ಬೆಳೆದಿದ್ನೇ ತಿಂದಿದ್ದಲ್ವಾ?"

ಅವಳು ಬಗ್ಗಿ, ಚೀಲದ ಬಾಯಿ ಬಿಡಿಸಿ, ಕೈಯನ್ನು ಮೊಣಕೈವರೆಗೂ ಒಳಗಿಳಿಸಿದಳು. ಮಣ್ಣನ್ನು ಎತ್ತಿ ಮೂಸಿ ನೋಡಿದಳು. ಅದರೊಳಗಿಂದ ಬೆರಳುದ್ದದ ಸಿಮೆಂಟಿನ ಚೂರೊಂದನ್ನು ಹೆಕ್ಕಿ ಹೊರಗೆಸೆದಳು.

"ಇದು ನಮ್ದಲ್ಲ," ಎಂದಳು. "ಈಗ ತೂಗಿ."

ಆ ಮಧ್ಯಾಹ್ನದ ಮುದ್ದೆಯಲ್ಲಿ ತುಪ್ಪವಿರಲಿಲ್ಲ. ಬೈರಣ್ಣ ಮೊದಲ ತುತ್ತನ್ನು ನುಂಗಲು ಎರಡು ಸಲ ನೀರು ಕುಡಿಯಬೇಕಾಯಿತು.

ಅಂದಿನಿಂದ ಸೋಮವಾರದ ಕೆಲಸ ಎರಡು ಪಾಲಾಯಿತು. ಅವನು ಇಳಿದಷ್ಟು ಮಣ್ಣನ್ನು ಚೀಲಕ್ಕೆ ತುಂಬುತ್ತಿದ್ದನು. ಕಲ್ಲು, ಬೇರು, ಗಾಜಿನ ಚೂರುಗಳನ್ನು ಅವಳು ಆರಿಸಿ ತೆಗೆದು, ಚೀಲದ ಬಾಯಿಗೆ ಅರಿಸಿನದ ದಾರ ಕಟ್ಟಿ ದೇವರ ಕೋಣೆಯ ಹೊಸ್ತಿಲ ಬಳಿ ಇಡುತ್ತಿದ್ದಳು. ಭಾದ್ರಪದದ ಮಳೆಯಲ್ಲಿ ಒಂದು ವಾರ ತೂಕ ಅಲುಗಲೇ ಇಲ್ಲ. ಬೈರಣ್ಣ ಮುಸುಕೆಳೆದು ಮಲಗಿದ್ದಾಗ ಅವಳೇ ಬಂದು, "ಚೀಲ ಹಂಗೇ ಕೂತೈತೆ. ಏಳ್ರಿ, ಮಳೆ ನಿಂತಿದೆ," ಎಂದು ಚಪ್ಪಲಿಯನ್ನು ಬಾಗಿಲಲ್ಲಿ ತಂದಿಟ್ಟಳು. ಹಿಂದೆಂದೂ ಅವಳು ಹಾಗೆ ಮಾಡಿರಲಿಲ್ಲ.

ಉತ್ಥಾನ ದ್ವಾದಶಿಯ ಸಂಜೆ ಗುಡಿಯ ಮುಂದಣ ಮಂಟಪದ ತೊಲೆಗೆ ದೊಡ್ಡ ತಕ್ಕಡಿಯನ್ನು ತೂಗುಹಾಕಿದ್ದರು. ತುಳಸೀಕಟ್ಟೆಯ ಸುತ್ತ ನೆಲ್ಲಿಕಾಯಿಯ ದೀಪಗಳು ಉರಿಯುತ್ತಿದ್ದವು. ಬೈರಣ್ಣ ಹೊಸ ಪಂಚೆಯುಟ್ಟು ತಟ್ಟೆಯಲ್ಲಿ ಪದ್ಮಾಸನ ಹಾಕಿ ಕುಳಿತನು. ಆ ಬೆಳಗ್ಗೆ ಕಾಟಾ ಎಂಬತ್ತು ತೋರಿಸಿತ್ತು. ಕರಿಬಸವಯ್ಯ ಇಪ್ಪತ್ತೆರಡು ಕಿಲೋದ ಚೀಲವನ್ನು ತಂದು ಅವನ ಮಡಿಲಿಗಿಡಹೋದಾಗ ಅರ್ಚಕರು ಕೈಯೆತ್ತಿ ತಡೆದರು.

"ಏನಯ್ಯ ಇದು, ದೇವರ ತಕ್ಕಡಿಗೆ ಮಣ್ಣನ್ನ ಇಡ್ತೀರಾ?"

"ಅದು ಮಣ್ಣಲ್ಲ ಸ್ವಾಮಿ," ಎಂದಳು ಮುನಿಲಕ್ಷ್ಮಮ್ಮ. "ನಮ್ಮೆಜಮಾನ್ರು."

ನೆರೆದವರು ನಕ್ಕರು. ಅರ್ಚಕರು ಅವಳ ಮುಖವನ್ನು ನೋಡಿ, ನಗದೆ, ಎತ್ತಿದ ಕೈಯನ್ನು ಇಳಿಸಿದರು.

ಬೆಲ್ಲದ ಅಚ್ಚುಗಳು ಒಂದೊಂದಾಗಿ ಎದುರು ತಟ್ಟೆಗೆ ಬಿದ್ದವು. ಬಹಳ ಹೊತ್ತಿನ ಮೇಲೆ ಬೈರಣ್ಣ ಕುಳಿತಿದ್ದ ತಟ್ಟೆಯು ನೆಲದಿಂದ ಮೆಲ್ಲನೆ ಎದ್ದಿತು. ಮುಳ್ಳು ನೆಟ್ಟಗಾಗುತ್ತಲೇ ಗಂಟೆ ಬಾರಿಸಿದರು. ಬೈರಣ್ಣ ಚೀಲವನ್ನು ಮಡಿಲಿನಿಂದ ತಟ್ಟೆಗೆ ಸರಿಸಿ, ಚಪ್ಪಲಿಯಿಲ್ಲದ ಪಾದಗಳನ್ನು ಮೊದಲೇ ಹಾಸಿದ್ದ ಕಂಬಳಿಯ ಮೇಲೆ ಊರಿ, ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತನು. ಬೆಲ್ಲದ ತಟ್ಟೆ ಧೊಪ್ಪನೆ ನೆಲಕ್ಕೆ ಕುಳಿತಿತು. ಈಚೆಯ ತಟ್ಟೆ ಒಮ್ಮೆಲೇ ಅವನ ಎದೆಯ ಎತ್ತರಕ್ಕೆ ಹಾರಿ, ಆ ಒಂಟಿ ಗೋಣಿಚೀಲವನ್ನು ಹೊತ್ತು ದೀಪಗಳ ಮೇಲೆ ಅತ್ತಿತ್ತ ತೂಗಾಡತೊಡಗಿತು. ಮುನಿಲಕ್ಷ್ಮಮ್ಮ ಮುಂದೆ ಬಂದು ಅದರ ಸರಪಳಿಯನ್ನು ಹಿಡಿದು, ತೊಟ್ಟಿಲನ್ನು ನಿಲ್ಲಿಸುವಷ್ಟು ಮೆಲ್ಲಗೆ ನಿಲ್ಲಿಸಿದಳು.