ಇಪ್ಪತ್ತು ಅಂಗಿ, ಮೂವತ್ತೆರಡು ಅಂಕಿ

ಎರಡು ಖಂಡಗಳ ಚಾಂಪಿಯನ್ ಫುಟ್‌ಬಾಲ್ ತಂಡಗಳು ಆ ಭಾನುವಾರ ಸಂಜೆ ನಾಲ್ಕಕ್ಕೆ ಊರಿನ ದೊಡ್ಡ ಕ್ರೀಡಾಂಗಣದಲ್ಲಿ ಎದುರಾಗುವುದಿತ್ತು. ಬೆಳಗ್ಗೆಯಿಂದಲೇ ರಸ್ತೆಗೆ ಅಡ್ಡ ಕಂಬಿ ಇಟ್ಟು ವಾಹನಗಳನ್ನು ತಡೆದಿದ್ದರು. ಇಂಥ ದಿನ ಪ್ಯಾಂಟಿನ ಅಂಚು ಮಡಿಸಿಕೊಡಿ, ಜಿಪ್ ಬದಲಾಯಿಸಿ ಎಂದು ತಲೆ ತಿನ್ನಲು ಯಾರೂ ಬರುವುದಿಲ್ಲ, ಸೋಮವಾರ ಶಾಲೆಗೆ ಕೊಡಬೇಕಾದ ಮೂವತ್ತು ಸ್ಕರ್ಟುಗಳನ್ನು ನೆಮ್ಮದಿಯಿಂದ ಮುಗಿಸಬಹುದು ಎಂದು ಟೈಲರಮ್ಮ ವಾರದ ಹಿಂದೆಯೇ ಅಂದುಕೊಂಡಿದ್ದಳು. ಗಂಡ ಮಧ್ಯಾಹ್ನವೇ ಗೆಳೆಯರ ಜೊತೆ ಹೊರಟುಬಿಡುತ್ತಾನೆ, ಅತ್ತೆ ಮಹಡಿಯ ಮೇಲೆ ಟಿ.ವಿ. ಹಾಕಿಕೊಂಡು ಕೂರುತ್ತಾರೆ. ಅಂಗಡಿಯಲ್ಲಿ ತಾನು, ಮಿಷನ್ನು, ಅಷ್ಟೇ.

ಗಂಡ ಸಿಟಿ ಬಸ್ಸಿನ ಡ್ರೈವರ್. ಬೀದಿಯವರೆಲ್ಲ ಅವನನ್ನು ಕಾಮೆಂಟರಿ ಎಂದೇ ಕರೆಯುತ್ತಿದ್ದರು. ನೋಡಿದ ಪಂದ್ಯವನ್ನು ನೋಡದವರಿಗೂ ನೋಡಿದವರಿಗೂ ಅಷ್ಟೇ ಉತ್ಸಾಹದಿಂದ ಹೇಳುವುದು ಅವನ ಹುಟ್ಟುಗುಣ. ಮದುವೆಯ ದಿನ ಫೋಟೋಗೆ ನಿಂತಾಗ ಪಕ್ಕದಲ್ಲಿದ್ದವನನ್ನು ಸ್ಕೋರ್ ಕೇಳಿದ್ದ. ಹತ್ತೊಂಬತ್ತು ವರ್ಷಗಳಲ್ಲಿ ಟೈಲರಮ್ಮ ಒಂದು ಪಂದ್ಯವನ್ನೂ ಪೂರ್ತಿ ನೋಡಿರಲಿಲ್ಲ. ಆದರೂ ಆಫ್‌ಸೈಡ್ ಎಂದರೇನು ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳಬಲ್ಲವಳಾಗಿದ್ದಳು. ಅದೇ ಅವಳ ಸಿಟ್ಟು.

ಒಂಬತ್ತೂವರೆಗೆ ಅಂಗಡಿಯ ಗಾಜಿನ ಬಾಗಿಲು ತೆರೆಯಿತು. ಎದುರಿನ ಹೋಟೆಲಿನ ಕೌಂಟರಿನಲ್ಲಿ ಕೂರುವ ಹುಡುಗಿ ಒಳಗೆ ಬಂದಳು. ಅವಳ ಹಿಂದೆ ಐವತ್ತು ದಾಟಿದ ಒಬ್ಬ ಪರದೇಶದವನು, ಎರಡೂ ತೋಳುಗಳ ಮೇಲೆ ಅಂಗಿಗಳ ರಾಶಿ ಹೊತ್ತುಕೊಂಡು.

“ಅಕ್ಕಾ, ಬೇಡ ಅನ್ಬೇಡಿ,” ಎಂದು ಹುಡುಗಿ ಶುರು ಮಾಡಿದಳು. ಅಲ್ಲಿಗೇ ಟೈಲರಮ್ಮನಿಗೆ ಗೊತ್ತಾಯಿತು, ಭಾನುವಾರ ಕೈಬಿಟ್ಟುಹೋಯಿತೆಂದು.

ವಿಷಯ ಇಷ್ಟು. ಅವನು ಹೋಟೆಲಿನಲ್ಲಿ ಇಳಿದಿದ್ದ ತಂಡದ ಬಟ್ಟೆಬರೆ ನೋಡಿಕೊಳ್ಳುವವನು. ಅವರ ಅಂಗಿ ತಿಳಿ ಹಳದಿ, ಎದುರಾಳಿಗಳದು ಬಿಳಿ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ, ಬದಲಾಯಿಸಿ ಎಂದು ರೆಫರಿ ಹಿಂದಿನ ಸಂಜೆ ಹೇಳಿಬಿಟ್ಟಿದ್ದ. ಬದಲಿ ಅಂಗಿಗಳಿದ್ದ ಚೀಲ ವಿಮಾನ ತಪ್ಪಿ ಇನ್ಯಾವುದೋ ಊರಿಗೆ ಹೋಗಿತ್ತು. ಗೋಲ್‌ಕೀಪರ್‌ಗಳದು ಬೇರೆ ಚೀಲದಲ್ಲಿ ಬಂದಿತ್ತು, ಪುಣ್ಯ. ಉಳಿದ ಇಪ್ಪತ್ತು ಜನಕ್ಕೆ ಅಂಗಡಿಯಿಂದ ಕಡುನೀಲಿ ಅಂಗಿ ತಂದಿದ್ದ. ಬೆನ್ನಿಗೆ ಬಿಳಿ ನಂಬರ್ ಹೊಲಿಯಬೇಕು. ಎರಡರಿಂದ ಇಪ್ಪತ್ತೆರಡರವರೆಗೆ, ಹನ್ನೆರಡು ಬಿಟ್ಟು. ಮೂರು ಗಂಟೆಯೊಳಗೆ.

“ನಂಬರ್ ಪ್ರಿಂಟ್ ಮಾಡೋ ಅಂಗಡಿಗಳಿಲ್ವಾ?”

“ಎಲ್ಲಾ ಬಾಗಿಲು ಹಾಕಿವೆ ಅಕ್ಕಾ. ಮ್ಯಾಚ್ ನೋಡೋಕೆ ಹೋಗಿದಾರೆ.”

ಇಲ್ಲವೆನ್ನಲು ಟೈಲರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅಂಗಿಗಳನ್ನು ಕತ್ತರಿಸುವ ಮೇಜಿನ ಮೇಲಿಟ್ಟ. ಒಂದೊಂದನ್ನೂ ತೋಳು ಹಿಂದಕ್ಕೆ, ಕಾಲರ್ ಮೇಲಕ್ಕೆ ಬರುವಂತೆ ಮಡಿಸಿದ್ದ. ಇಪ್ಪತ್ತರ ಅಂಚುಗಳೂ ಅಡಿಪಟ್ಟಿ ಇಟ್ಟ ಹಾಗೆ ಸಾಲಾಗಿದ್ದವು. ಸಾವಿರಾರು ಗಿರಾಕಿಗಳ ಬಟ್ಟೆ ಮುದ್ದೆಯಾಗಿಯೇ ಬಂದು ಬಿದ್ದಿದ್ದ ಆ ಮೇಜಿನ ಮೇಲೆ ಹಾಗೆ ಮಡಿಸಿದ ಬಟ್ಟೆಯನ್ನು ಅವಳು ಎಂದೂ ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಟೇಪು ಎತ್ತಿಕೊಂಡಳು.

“ನಂಬರ್ ಎಷ್ಟುದ್ದ ಬೇಕು ಅಂತ ಕೇಳು.”

ಅವನು ಹೆಬ್ಬೆರಳು ಕಿರುಬೆರಳು ಅಗಲಿಸಿ ತನ್ನ ಗೇಣು ತೋರಿಸಿದ. ಅವಳು ಅಳೆದಳು. ಇಪ್ಪತ್ತೆರಡು ಸೆಂಟಿಮೀಟರ್.

ಇಪ್ಪತ್ತು ಅಂಗಿ ಎಂದರೆ ಮೂವತ್ತೆರಡು ಅಂಕಿ. ರಟ್ಟಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಚ್ಚು ಕತ್ತರಿಸಿ, ಬಿಳಿ ಬಟ್ಟೆಗೆ ಇಸ್ತ್ರಿಯಿಂದ ಅಂಟುವ ಹಾಳೆ ಕೂರಿಸಿ, ಗುರುತು ಹಾಕಿ ಕತ್ತರಿಸಿದಳು. ಅಂಗಿಯ ಬಟ್ಟೆ ಎಳೆದರೆ ಹಿಗ್ಗುವಂಥದು. ಅದಕ್ಕೆ ಬೇರೆ ಸೂಜಿ ಹಾಕಬೇಕು, ಅಂಚಿಗೆ ಅಂಕುಡೊಂಕು ಹೊಲಿಗೆಯೇ ಆಗಬೇಕು, ಇಲ್ಲದಿದ್ದರೆ ಆಟಗಾರ ಮೈ ತಿರುಗಿಸಿದ ಕೂಡಲೇ ದಾರ ಪಟಪಟ ಕಿತ್ತುಬರುತ್ತದೆ. ಆರೂ ಒಂಬತ್ತೂ ತಲೆಕೆಳಗಾಗದಂತೆ ಎರಡೆರಡು ಸಲ ನೋಡಿಕೊಂಡಳು.

ಹತ್ತೂವರೆಗೆ ಕಾಮೆಂಟರಿ ಮಹಡಿಯಿಂದ ಇಳಿದು ಬಂದ. ಬಿಳಿ ಅಂಗಿ ತೊಟ್ಟಿದ್ದ, ಕೆನ್ನೆಗೆ ಬಿಳಿ ಪಟ್ಟೆ ಬಳಿದುಕೊಂಡಿದ್ದ. ಮೇಜು ನೋಡಿದ, ಪರದೇಶದವನನ್ನು ನೋಡಿದ, ಹೆಂಡತಿಯನ್ನು ನೋಡಿದ.

“ಇದು ಅವ್ರ ಟೀಮಿಂದಾ?”

“ಯಾರ ಟೀಮಿಂದಾದ್ರೂ ಆಗ್ಲಿ, ಬೆಳಕಿಗೆ ಅಡ್ಡ ನಿಲ್ಬೇಡಿ.”

“ನನ್ನ ಮನೇಲಿ ನನ್ನ ಎದುರಾಳಿಗಳ ಅಂಗಿ ಹೊಲೀತಿದೀಯಾ ನೀನು?”

“ಎದುರಾಳಿ ಯಾರ್ರೀ ನಿಮ್ಗೆ? ಅವ್ರು ನಿಮ್ ಬಸ್ಸು ಹತ್ತಿ ಟಿಕೆಟ್ ತಗೊಳ್ದೆ ಓಡೋದ್ರಾ?”

ಅವನು ಹೊರಗೆ ಹೋದ. ಹಾಗೇ ಹೋಗಿಬಿಟ್ಟಿದ್ದರೆ ಒಳ್ಳೆಯದಿತ್ತು, ಬೀದಿಗೆಲ್ಲ ಸುದ್ದಿ ಹೇಳಿ ವಾಪಸು ಬಂದ. ಹನ್ನೊಂದರ ಹೊತ್ತಿಗೆ ಗಾಜಿಗೆ ಮೂಗು ಒತ್ತಿ ನಿಂತವರು ಹತ್ತು ಹದಿನೈದು ಜನ. ಔಷಧಿ ಅಂಗಡಿಯವನು ಬಾಗಿಲಲ್ಲಿ ತಲೆ ತೂರಿಸಿ ಏಳನೇ ನಂಬರ್ ಸ್ವಲ್ಪ ಎಡಕ್ಕೆ ವಾಲಿದೆ ಎಂದ. ಯಾರೋ ಒಬ್ಬಳು ಹತ್ತನೇ ನಂಬರಿನ ಅಂಗಿ ಒಂದೇ ಒಂದು ಸಲ ಮುಟ್ಟಿ ಹೋಗುತ್ತೇನೆ ಎಂದು ಬಂದಳು. ಕಾಮೆಂಟರಿ ಬಾಗಿಲಲ್ಲಿ ನಿಂತು, “ಈಗ ಎಂಟಕ್ಕೆ ಹೊಲಿಗೆ ಬೀಳ್ತಿದೆ, ಮೇಲಿನ ಸುತ್ತು ಮುಗೀತು, ಕೆಳಗಿನ ಸುತ್ತಿಗೆ ತಿರುಗ್ತಿದಾರೆ,” ಎಂದು ಹೊರಗಿನವರಿಗೆ ವರದಿ ಒಪ್ಪಿಸುತ್ತಿದ್ದ. ಟೈಲರಮ್ಮ ಎದ್ದು ಹೋಗಿ ಪರದೆ ಎಳೆದಳು. ಅವನು ಪರದೆಯ ಒಳಗೇ ಉಳಿದುಬಿಟ್ಟ.

ಹನ್ನೆರಡೂವರೆಗೆ ಒಂಬತ್ತು ಅಂಗಿ ಮುಗಿದಿದ್ದವು. ಉಳಿದ ಅಂಕಿಗಳೆಲ್ಲ ಕತ್ತರಿಸಿ ಸಾಲಾಗಿ ಕೂತಿದ್ದವು. ಆಗ ಕೋಟು ತೊಟ್ಟ, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಪಂದ್ಯದ ಅಧಿಕಾರಿಯೊಬ್ಬ ಬಂದ. ಜೇಬಿನಿಂದ ಉಕ್ಕಿನ ಟೇಪು ಎಳೆದು ಐದನೇ ನಂಬರಿನ ಮೇಲಿಟ್ಟ.

“ಇಪ್ಪತ್ತೆರಡಿದೆ. ಇಪ್ಪತ್ತೈದಕ್ಕಿಂತ ಕಮ್ಮಿ ಇರಂಗಿಲ್ಲ. ನಿಯಮ.”

ಕೌಂಟರಿನ ಹುಡುಗಿ ಅದನ್ನು ಪರದೇಶದವನಿಗೆ ಹೇಳಿದಳು. ಅವನು ಏನೋ ಹೇಳಿದ. ಅಧಿಕಾರಿ ಇನ್ನೇನೋ ಹೇಳಿದ. ಇಬ್ಬರೂ ಒಟ್ಟಿಗೆ ಮಾತಾಡತೊಡಗಿದಾಗ ಹುಡುಗಿ ಅನುವಾದ ಬಿಟ್ಟು ಸ್ಟೂಲಿನ ಮೇಲೆ ಕೂತಳು.

“ಸರ್, ಮೂರು ಸೆಂಟಿಮೀಟರ್,” ಎಂದಳು ಟೈಲರಮ್ಮ. “ಮೇಲೆ ಕೂತೋರ ಕಣ್ಣಿಗೆ ಮೂರು ಸೆಂಟಿಮೀಟರ್ ಕಾಣತ್ತಾ?”

“ನನ್ ಕಣ್ಣಿಗೆ ಕಾಣತ್ತಮ್ಮ.”

“ಇದನ್ನ ಬೆಳಗ್ಗೆ ಒಂಬತ್ತಕ್ಕೆ ಹೇಳೋಕೆ ಏನಾಗಿತ್ತು?”

“ಬೆಳಗ್ಗೆ ಒಂಬತ್ತಕ್ಕೆ ನಾನು ಮೈದಾನದಲ್ಲಿ ಬಾವುಟ ಅಳೀತಿದ್ದೆ,” ಎಂದು ಅವನು ಗಂಭೀರವಾಗಿ ಹೇಳಿದ. ಸುಳ್ಳು ಹೇಳುವವನಂತೆ ಕಾಣಲಿಲ್ಲ.

ಅವನು ಟೇಪು ಜೇಬಿಗೆ ಹಾಕಿಕೊಂಡು ಹೋದ. ಪರದೇಶದವನು ತನ್ನ ಕೈಯನ್ನೇ ಅಗಲಿಸಿ ನೋಡಿಕೊಳ್ಳುತ್ತಿದ್ದ, ಗೇಣು ಯಾಕೆ ಸಾಲಲಿಲ್ಲ ಎಂಬಂತೆ. ಟೈಲರಮ್ಮನಿಗೆ ಅವನ ಮೇಲೆ ಕೂಗಾಡುವ ಆಸೆ ಗಂಟಲಿನವರೆಗೆ ಬಂತು. ಕೂಗಿದರೂ ಹುಡುಗಿ ಅದನ್ನು ಇನ್ನೊಂದು ಭಾಷೆಗೆ ಮಾಡಿ ಹೇಳಬೇಕು. ಅಷ್ಟು ಹೊತ್ತಿಗೆ ಒಂದು ಅಂಕಿ ಕತ್ತರಿಸಬಹುದು. ಮೇಜಿನ ಮೇಲಿದ್ದ ಬಿಳಿ ತುಂಡು ಮೊದಲಿನ ಅಂಕಿಗಳಿಗೇ ಮುಗಿದಿತ್ತು; ಹೊಸ ಬಟ್ಟೆಗಾಗಿ ಕಪಾಟು ತೆರೆದಳು. ಬಿಳಿ ಬಟ್ಟೆಯ ಸುರುಳಿ ಇದ್ದ ಜಾಗದಲ್ಲಿ ಬರೀ ರಟ್ಟಿನ ಕೊಳವೆ ಇತ್ತು.

“ಇಲ್ಲಿ ಐದು ಮೀಟರ್ ಬಿಳಿ ಇತ್ತಲ್ಲ.”

ಕಾಮೆಂಟರಿ ಪರದೆಯ ಅಂಚು ಸರಿಸಿ ಬೀದಿ ನೋಡತೊಡಗಿದ.

“ರೀ.”

“ಬ್ಯಾನರ್‌ಗೆ ತಗೊಂಡೆ,” ಎಂದ. “ಹೋದ ವಾರ. ಹೇಳೋಣ ಅಂತಿದ್ದೆ.”

ಬ್ಯಾನರ್ ಮೆಟ್ಟಿಲ ಕೆಳಗಿತ್ತು. ಬಿಡಿಸಿದಾಗ ಅಂಗಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಬಂತು. ನಡುವೆ ಕೆಂಪು ಬಣ್ಣದಲ್ಲಿ “ಗೆದ್ದೇ ಗೆಲ್ತೀವಿ” ಎಂದು ಬರೆದಿತ್ತು. ಅಕ್ಷರಗಳು ದಪ್ಪವಾಗಿದ್ದರೂ ಎರಡೂ ಕಡೆ, ಪದಗಳ ಮಧ್ಯೆ, ಮೇಲೆ ಕೆಳಗೆ ಬೇಕಾದಷ್ಟು ಖಾಲಿ ಬಿಳಿ ಇತ್ತು. ಟೈಲರಮ್ಮ ಒಮ್ಮೆ ಕಣ್ಣಾಡಿಸಿಯೇ ಅದರಲ್ಲಿ ಮೂವತ್ತೆರಡು ಅಂಕಿಗಳನ್ನು ಕಂಡಳು.

“ಮುಟ್ಬೇಡ,” ಎಂದು ಅವನು ಬ್ಯಾನರಿನ ಒಂದು ತುದಿ ಹಿಡಿದುಕೊಂಡ. “ನಾಲ್ಕು ಜನ ಮೂರು ದಿನ ಕೂತು ಬರ್ದಿದೀವಿ. ಅವ್ರೆಲ್ಲ ಗೇಟ್ ಹತ್ರ ಕಾಯ್ತಿದಾರೆ.”

“ಬಟ್ಟೆ ನಂದು.”

“ಬಣ್ಣ ನಂದು.”

“ಹಾಗಾದ್ರೆ ಬಣ್ಣ ಬಿಡಿಸ್ಕೊಂಡು ಹೋಗಿ.”

ಹೀಗೆ ಎಷ್ಟು ಹೊತ್ತು ನಡೆಯುತ್ತಿತ್ತೋ. ಕೂಗಾಟ ಕೇಳಿ ಅತ್ತೆ ಒಂದೊಂದೇ ಮೆಟ್ಟಿಲು ಹಿಡಿದು ಇಳಿದು ಬಂದರು. ಅಂಗಡಿ ಮೊದಲು ಅವರದೇ. ಕಣ್ಣು ಮಂಜಾದ ಮೇಲೆ ಸೊಸೆಗೆ ಬಿಟ್ಟುಕೊಟ್ಟಿದ್ದರು. ಏನು ಎತ್ತ ಎಂದು ಕೌಂಟರಿನ ಹುಡುಗಿಯಿಂದ ಕೇಳಿ ತಿಳಿದರು. ಮೇಜಿನ ಮೇಲೆ ಕೈಯಾಡಿಸಿ ದೊಡ್ಡ ಕತ್ತರಿ ಹುಡುಕಿ, ಬ್ಯಾನರಿನ ಅಂಚನ್ನು ಬೆರಳಲ್ಲಿ ಹಿಡಿದು ಒಂದು ಮೊಳ ಸರಕ್ಕನೆ ಸೀಳಿಬಿಟ್ಟರು.

“ಅಮ್ಮಾ,” ಎಂದ ಕಾಮೆಂಟರಿ.

“ಏನೋ ಅಮ್ಮಾ ಅಂತೀಯ? ಇಪ್ಪತ್ತು ಗಂಡುಮಕ್ಕಳು ಮೈಮೇಲೆ ಬಟ್ಟೆ ಇಲ್ದೆ ಕೂತಿದಾರೆ. ಗೆಲ್ಲೋದು ಸೋಲೋದು ಆಮೇಲೆ ನೋಡ್ಕೋ. ಇಸ್ತ್ರಿ ಹಿಡಿ.”

ಆಮೇಲಿನ ಎರಡು ಗಂಟೆ ಆ ಸಣ್ಣ ಅಂಗಡಿಯಲ್ಲಿ ಐದು ಜನ ಒಬ್ಬರ ಮೊಣಕೈ ಒಬ್ಬರಿಗೆ ತಾಗಿಸಿಕೊಂಡು ಕೆಲಸ ಮಾಡಿದರು. ಟೈಲರಮ್ಮ ದೊಡ್ಡ ಅಚ್ಚು ಕತ್ತರಿಸಿ ಹೊಲಿದಳು. ಅತ್ತೆ ಕಣ್ಣು ಬೇಡದ ಕೆಲಸ ಹಿಡಿದರು; ಅಚ್ಚಿನ ಅಂಚನ್ನು ಬೆರಳಲ್ಲೇ ಮುಟ್ಟಿ ನೋಡಿಕೊಂಡು ಬಟ್ಟೆ ಕತ್ತರಿಸಿದರು, ಒಂದೂ ತಪ್ಪಲಿಲ್ಲ. ಹುಡುಗಿ ಹಳೇ ಅಂಕಿಗಳ ದಾರ ಬಿಚ್ಚಿದಳು. ಪರದೇಶದವನು ಮುಗಿದ ಅಂಗಿಗಳನ್ನು ಮತ್ತೆ ಹಾಗೇ ಮಡಿಸಿಟ್ಟ, ಬೇಡವೆಂದರೂ ಕೇಳದೆ. ಕಾಮೆಂಟರಿ ಇಸ್ತ್ರಿ ಒತ್ತಿದ, ಒತ್ತುತ್ತಾ ದೂರಿದ. ಇಸ್ತ್ರಿ ಭಾರ, ಸೆಕೆ, ಈ ಬಟ್ಟೆ ಸರಿಯಿಲ್ಲ, ಹನ್ನೊಂದನೆಯವನು ಎಡಗಾಲಲ್ಲಿ ಒದೆಯುತ್ತಾನೆ, ಅವನಿಗೆ ನಂಬರ್ ಹಾಕುವುದೇ ದಂಡ.

“ಅವನು ಯಾವ ಕಾಲಲ್ಲಾದ್ರೂ ಒದೀಲಿ,” ಎಂದಳು ಟೈಲರಮ್ಮ ತಲೆ ಎತ್ತದೆ. “ನೀವು ಹದಿನೆಂಟರ ಎಂಟು ಸುಡ್ಬೇಡಿ.”

ಎರಡೂ ಮುಕ್ಕಾಲಿಗೆ ಗೆಳೆಯರ ಫೋನ್ ಬಂತು. ಅವನು ಹೊರಗೆ ಹೋಗಿ ಮಾತಾಡಿ ಬಂದ.

“ಹೊರಡಿ, ಇನ್ನು ನಾಲ್ಕೇ ಅಂಗಿ. ನಾವೇ ಮಾಡ್ತೀವಿ,” ಎಂದಳು ಟೈಲರಮ್ಮ.

“ಬ್ಯಾನರ್ ಎಲ್ಲಿ ಅಂತ ಕೇಳ್ತಾರೆ,” ಎಂದ ಅವನು. ನೆಲದ ಮೇಲೆ ಒಂದು ಕೆಂಪು ‘ಗೆ’, ಇನ್ನೊಂದು ಅರ್ಧ ‘ಗೆ’, ಒಂದು ‘ವಿ’ ಬಿದ್ದಿದ್ದವು. “ಆ ತಂಡದ ಬೆನ್ನ ಮೇಲಿದೆ ಅಂತ ಹೇಳ್ಲಾ? ಯಾವ ಮುಖ ಹೊತ್ಕೊಂಡು ಹೋಗ್ಲಿ?”

ಕೊನೆಯ ಅಂಗಿಯ ದಾರ ಮೂರು ಗಂಟೆ ಐದು ನಿಮಿಷಕ್ಕೆ ಕತ್ತರಿಸಿದ್ದಾಯಿತು. ಪರದೇಶದವನು ರಾಶಿಯನ್ನು ಎತ್ತಿಕೊಂಡು ಅತ್ತೆಗೆ ತಲೆ ಬಾಗಿಸಿ ಓಡಿದ. ಟೈಲರಮ್ಮನ ಕಡೆ ನೋಡಲೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಹುಡುಗಿ ರಸ್ತೆಯಾಚೆಯಿಂದ ಕೈ ಬೀಸಿದಳು. ಅಧಿಕಾರಿಯ ಟೇಪು ಒಪ್ಪಿಕೊಂಡಿತ್ತು.

ನಾಲ್ಕಕ್ಕೆ ಮೂವರೂ ಮಹಡಿಯಲ್ಲಿ ಟಿ.ವಿ.ಯ ಮುಂದಿದ್ದರು. ಟೈಲರಮ್ಮ ಐದು ನಿಮಿಷ ನೋಡಿ ಕೆಳಗೆ ಹೋಗುವವಳಿದ್ದಳು. ಆದರೆ ಆಟಗಾರರು ಬೆನ್ನು ತಿರುಗಿಸಿದಾಗಲೆಲ್ಲ ಅವಳ ಕಣ್ಣು ಹೊಲಿಗೆಗೆ ಹೋಗುತ್ತಿತ್ತು. ಚೆಂಡು ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎಂಟರ ನಡು ಸರಿಯಾಗಿ ಕೂತಿದೆಯೇ, ಹದಿಮೂರರ ಮೂರು ಬೆವರಿಗೆ ಎದ್ದಿದೆಯೇ, ಯಾರೋ ನೆಲದ ಮೇಲೆ ಜಾರಿದರೆ ಬೆನ್ನು ಕೆಳಗೋ ಹೊಟ್ಟೆ ಕೆಳಗೋ. ಪಕ್ಕದಲ್ಲಿ ಗಂಡ ಆಡುತ್ತಿದ್ದ ಮಾತು ಯಾವುದೂ ಕಿವಿಗೆ ಬೀಳಲಿಲ್ಲ. ಅರ್ಧ ಪಂದ್ಯ ಮುಗಿದದ್ದೇ ಅವಳಿಗೆ ತಿಳಿಯಲಿಲ್ಲ.

ಎಪ್ಪತ್ತನೇ ನಿಮಿಷದಲ್ಲಿ ಹತ್ತನೆಯವನು ಚೆಂಡು ಹಿಡಿದು ಓಡಿದ. ಬಿಳಿ ಅಂಗಿಯವನೊಬ್ಬ ಹಿಂದಿನಿಂದ ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದ. ಸೊನ್ನೆ ಉದ್ದವಾಗಿ ಮೊಟ್ಟೆಯಂತಾಯಿತು.

“ಬಿಡೋ ಅಂಗಿ, ಮುಠ್ಠಾಳ,” ಎಂದು ಟೈಲರಮ್ಮ ಎದ್ದು ನಿಂತಳು. “ಕಣ್ಣು ಕಾಣ್ಸಲ್ವಾ ಆ ರೆಫರಿಗೆ? ಯಾರು ಹೊಲೀತಾರೆ ಅಂದ್ಕೊಂಡಿದಾನೆ ಅದನ್ನ?”

ರೆಫರಿ ಸೀಟಿ ಊದಲಿಲ್ಲ. ಹೊಲಿಗೆ ಬಿಡಲಿಲ್ಲ. ಕಾಮೆಂಟರಿ ಟಿ.ವಿ. ಬಿಟ್ಟು ಹೆಂಡತಿಯನ್ನೇ ನೋಡುತ್ತಿದ್ದ. ಅವಳು ಕೂತಳು.

ಪಂದ್ಯ ಒಂದು-ಒಂದರಲ್ಲಿ ಮುಗಿದು ಪೆನಾಲ್ಟಿಗೆ ಹೋಯಿತು. ನೀಲಿಯವರ ಕೊನೆಯ ಒದೆತಕ್ಕೆ ನಾಲ್ಕನೆಯವನು ಬಂದ. ಹೊಡೆದರೆ ಉಳಿಯುತ್ತಾರೆ, ತಪ್ಪಿದರೆ ಸೋಲುತ್ತಾರೆ. ಕಾಮೆಂಟರಿ ಕುರ್ಚಿಯ ತುದಿಗೆ ಬಂದು, “ನಾಲ್ಕು ನಾನೇ ಅಂಟ್ಸಿದ್ದು,” ಎಂದ. ಚೆಂಡು ಮೇಲಿನ ಕಂಬಕ್ಕೆ ಬಡಿದು ಆಕಾಶಕ್ಕೆ ಹೋಯಿತು. ಬಿಳಿಯವರು ಗೆದ್ದರು. ಹೊರಗೆ ಬೀದಿ ಕೂಗಿತು. ಕಾಮೆಂಟರಿ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

“ಗೆದ್ದಿದ್ದು ನಿಮ್ಮೋರೇ ಅಲ್ವಾ?”

“ಹೌದು,” ಎಂದ ಅವನು ಸಂಕಟದಿಂದ. “ಅವನು ಹೊಡೀಬೇಕು ಅಂತ ಅನ್ನಿಸ್ತು ಕಣೆ. ಒಂದು ಕ್ಷಣ. ಯಾಕೆ ಹಾಗನ್ನಿಸ್ತು? ನೀನು ನನ್ನ ಫುಟ್‌ಬಾಲೇ ಹಾಳು ಮಾಡ್ಬಿಟ್ಟೆ.”

“ಹತ್ತೊಂಬತ್ತು ವರ್ಷ ಅದು ನನ್ನ ಭಾನುವಾರ ಹಾಳು ಮಾಡಿದೆ,” ಎಂದಳು ಟೈಲರಮ್ಮ. “ಒಂದು ದಿನ ನೀವೂ ಅನುಭವಿಸಿ.”

ಹಾಗೆಂದು ಕೆಳಗಿಳಿದಳು. ಮೂವತ್ತು ಸ್ಕರ್ಟುಗಳಲ್ಲಿ ಒಂದಕ್ಕೂ ಸೂಜಿ ಬಿದ್ದಿರಲಿಲ್ಲ. ಕೆಂಪು ಅಕ್ಷರದ ಚೂರುಗಳನ್ನು ಕಾಲಲ್ಲಿ ಒಂದು ಮೂಲೆಗೆ ಸರಿಸಿ, ಸೂಜಿ ಬದಲಾಯಿಸಿ ಮಿಷನ್ನಿನ ದೀಪ ಹಾಕಿದಳು. ಮಹಡಿಯ ಮೇಲೆ ಗಂಡನ ದನಿ ಮೆಲ್ಲಗೆ ಶುರುವಾಯಿತು, ಮೊದಲ ನಿಮಿಷದಿಂದ, ಯಾರು ಯಾರಿಗೆ ಚೆಂಡು ಕೊಟ್ಟರು ಎಂದು.

“ನಾನೂ ಇಲ್ಲೇ ಕೂತಿದ್ದೆ ಕಣೋ,” ಎಂದು ಅತ್ತೆ ಹೇಳುವುದು ಕೇಳಿಸಿತು.

ಅವನು ನಿಲ್ಲಿಸಲಿಲ್ಲ. ಟೈಲರಮ್ಮ ಮೊದಲ ಸ್ಕರ್ಟಿನ ಮಡಿಕೆ ಹಿಡಿದು ಮಿಷನ್ ಓಡಿಸಿದಳು. ಅದರ ಸದ್ದಿಗೆ ಮೇಲಿನ ಮಾತು ಕೇಳದಾಯಿತು.