ಕೂಗದ ಸಾಲ

ಒಂದಾನೊಂದು ಕಾಲದಲ್ಲಿ, ಹೊಳೆಯೂ ಕಡಲೂ ಕೈ ಹಿಡಿದುಕೊಳ್ಳುವ ಜಾಗದಲ್ಲಿ ಒಬ್ಬ ದೋಣಿಯವನಿದ್ದನಂತೆ. ಅವನ ದೋಣಿಗೆ ಮೂವರು ನೆಂಟರು. ಒಂದು ಕಾಗೆ, ಒಂದು ಬೆಕ್ಕು, ಮತ್ತೊಂದು ಹುಳ. ಬಲೆ ಎಳೆಯುವ ಹೊತ್ತಿಗೆ ಕಾಗೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ದಡಕ್ಕೆ ಬಂದರೆ ಬೆಕ್ಕು ಕಾಲಿಗೆ ಸುತ್ತಿಕೊಂಡು ಅಳುತ್ತಿತ್ತು. ನಾಲ್ಕು ಜನ ನೋಡುತ್ತಾರಲ್ಲ ಎಂದು ದೋಣಿಯವನು ಕಾಗೆಗೊಂದು ಮೀನು, ಬೆಕ್ಕಿಗೊಂದು ಮೀನು ಎಸೆದು ಬಾಯಿ ಮುಚ್ಚಿಸುತ್ತಿದ್ದ. ಹುಳ ಮಾತ್ರ ಏನನ್ನೂ ಕೇಳುತ್ತಿರಲಿಲ್ಲ. ಹಲಗೆಯೊಳಗೆ ತಣ್ಣಗೆ ಕೂತಿತ್ತು. ಪಾಪದ ಹುಳ, ಅದರದ್ದೊಂದು ಉಪದ್ರವಿಲ್ಲ ಎಂದುಕೊಂಡಿದ್ದ. ಒಂದು ದಿನ ನಡುಹೊಳೆಯಲ್ಲಿ ಕಾಲಡಿಯ ಹಲಗೆ ಹುಡಿಹುಡಿಯಾಯಿತು. ಕಾಗೆ ಹಾರಿತು. ಬೆಕ್ಕು ದಡದಲ್ಲೇ ಇತ್ತು. ದೋಣಿಯವನು ನೀರು ಕುಡಿದು, ಈಜಿ, ಹೇಗೋ ದಡ ಸೇರಿದ.

ಈ ಕಥೆಯನ್ನು ಜಲಜ ಕೇಳಿದ್ದು ತಲ್ಲೂರಿನ ಮನೆಯ ಜಗಲಿಯಲ್ಲಿ, ಬಾಗಿ ಎಂಬ ಹೆಸರಿನ ಅಜ್ಜಿಯ ಮಡಿಲಲ್ಲಿ ಮಲಗಿ. ಅಜ್ಜಿಯ ಕಿವಿಯಲ್ಲಿ ಒಂದೂವರೆ ಪವನು ಚಿನ್ನದ ಬೆಂಡೋಲೆ ತೂಗುತ್ತಿತ್ತು. ಬಾಲೆ ಜಲಜ ಅದನ್ನು ಬೆರಳ ತುದಿಯಿಂದ ಮುಟ್ಟುತ್ತ, ಕಥೆ ಮುಗಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಅಜ್ಜಿ, ಹುಳ ಎಂತ ಆಯ್ತ್?"

"ಅದಾ? ಅದ್ ಇನ್ನೊಂದ್ ದೋಣಿ ಹುಡ್ಕಂಡ್ ಹೋಯ್ತ್."

ಮೂವತ್ತು ವರ್ಷ ಕಳೆಯಿತು. ಎರಡು ಸಾವಿರದ ಮೂರನೇ ಇಸವಿಯ ಜನವರಿಯಲ್ಲಿ ಜಲಜಳ ಗಂಡ, ಕುಷ್ಟ ಎಂಬ ಹೆಸರಿನವನು, ಬೋಟಿನ ಮೇಲೆ ಜಾರಿ ಬಿದ್ದು ಕಾಲಿನ ಎಲುಬು ಮುರಿದುಕೊಂಡ. ಆಸ್ಪತ್ರೆಗೆ ಹಣ ಬೇಕಿತ್ತು. ಅಜ್ಜಿ ಯಾರೂ ಕೇಳುವ ಮೊದಲೇ ಬೆಂಡೋಲೆ ಬಿಚ್ಚಿ ಮೊಮ್ಮಗಳ ಅಂಗೈಯಲ್ಲಿಟ್ಟಳು. ಜಲಜ ಅವಳ ಖಾಲಿ ಕಿವಿ ನೋಡಲಾರದೆ ನೋಡಿದಳು.

"ನಿನ್ನ ಕೆಮಿಗೆ ನಾನೇ ಮತ್ತ್ ಹಾಕ್ತೆ ಅಜ್ಜಿ. ಮಾತ್ ಕೊಡ್ತೆ."

ಅಜ್ಜಿ ನಕ್ಕಳು. ಅದೇ ದಿನ ಅಂಗಳ ಗುಡಿಸುವ ಹಿಡಿಸೂಡಿಯ ಕಡ್ಡಿಯೊಂದನ್ನು ಚಿಕ್ಕದಾಗಿ ಮುರಿದು ಕಿವಿಯ ತೂತಿಗೆ ಸಿಕ್ಕಿಸಿಕೊಂಡಳು. ಓಲೆ ಬರುವವರೆಗೆ ತೂತು ಮುಚ್ಚಿಹೋಗಬಾರದಲ್ಲ. ಕುಂದಾಪುರದ ಗಿರವಿ ಅಂಗಡಿಯಲ್ಲಿ ಓಲೆಗೆ ನಾಲ್ಕು ಸಾವಿರ ಸಿಕ್ಕಿತು. ಬಡ್ಡಿ ನೂರಕ್ಕೆ ಮೂರು. ಬರೀ ಮೂರು ರೂಪಾಯಿ ಅಲ್ಲವೇ ಎಂದು ಜಲಜ ನೆಮ್ಮದಿಯಿಂದ ಮನೆಗೆ ಬಂದಳು.

ಆಗಿನ್ನೂ ಹೆದ್ದಾರಿ ಅಗಲವಾಗಿರಲಿಲ್ಲ. ರಸ್ತೆಯ ಎರಡೂ ಬದಿಗೆ ಮರಗಳ ನೆರಳಿತ್ತು. ಬೆಳಕು ಹರಿಯುವ ಮೊದಲೇ ಜಲಜ ಗಂಗೊಳ್ಳಿ ಬಂದರಿಗೆ ಹೋಗಿ ಬಂಗುಡೆಯೋ ಬೂತಾಯಿಯೋ ಸಿಕ್ಕಿದ ಮೀನು ಕೊಂಡು, ಬುಟ್ಟಿಯನ್ನು ಬಸ್ಸಿಗೆ ಹತ್ತಿಸಿ ಹಾಲಾಡಿಗೆ ಹೋಗಿ ಮಾರುತ್ತಿದ್ದಳು. ಕಂಡಕ್ಟರು ಅವಳ ಬುಟ್ಟಿಗೂ ಒಂದು ಟಿಕೇಟು ಹರಿದು, ಮೀನಿಗೆ ಕಿಟಕಿ ಬದಿ ಸೀಟು ಬೇಕಾ ಎಂದು ತಮಾಷೆ ಮಾಡುತ್ತಿದ್ದ. ದುಡಿಮೆಗೆ ಕೊರತೆ ಇರಲಿಲ್ಲ. ಆದರೆ ಹಣವೆಲ್ಲ ಸೊಂಟದ ಒಂದೇ ಸಂಚಿಯಲ್ಲಿ. ನಾಳೆ ಮೀನು ಕೊಳ್ಳಬೇಕಾದ ಅಸಲೂ ಅದರಲ್ಲೇ, ಇವತ್ತಿನ ಲಾಭವೂ ಅದರಲ್ಲೇ.

ಸಂಜೆ ಬಸ್ಸಿನಿಂದ ಇಳಿದರೆ ಎದುರಿಗೆ ದೇವುವಿನ ಜಿನಸಿ ಅಂಗಡಿ. ಅಲ್ಲಿ ಸಾವಿರದ ಎಂಟುನೂರು ಉದ್ರಿ. ದೇವು ಹತ್ತು ಜನರ ನಡುವೆ, "ಹ್ವಾಯ್ ಜಲಜಕ್ಕ, ನಮ್ಮಂಗ್ಡಿ ದಾರಿ ಮರ್ತ್ ಹೋಯ್ತಾ?" ಎಂದು ಕೂಗುವವನು. ಅವನ ಬಾಯಿಗೆ ಹೆದರಿ ಅವಳು ಸಂಚಿಗೆ ಕೈ ಹಾಕಿ ಕೊಟ್ಟೇ ಕೊಡುತ್ತಿದ್ದಳು. ಕೊಟ್ಟು, ಮತ್ತೆ ಸಕ್ಕರೆ ಚಾಪುಡಿ ಉದ್ರಿ ತರುತ್ತಿದ್ದಳು. ನಾಲ್ಕು ಹೆಜ್ಜೆ ಮುಂದೆ ಗೋಪಿಯ ಮನೆ. ಕುಷ್ಟನ ದೊಡ್ಡಪ್ಪನ ಮಗಳು, ಮೂರು ಸಾವಿರ ಕೈಸಾಲ ಕೊಟ್ಟವಳು. ಬಡ್ಡಿ ಕೇಳಿದವಳಲ್ಲ, ಆದರೆ ಜಲಜಳನ್ನು ಕಂಡರೆ ಮುಖ ಸಣ್ಣ ಮಾಡಿ ತನ್ನ ಕಷ್ಟ ಹೇಳಿಕೊಳ್ಳುತ್ತಿದ್ದಳು. ಅವಳ ಕೈಗೂ ಏನಾದರೂ ಇಡಬೇಕು. ಬೆಳಿಗ್ಗೆ ಮೀನು ಕೊಳ್ಳಲು ಅಸಲು ಕಮ್ಮಿ ಬಿದ್ದರೆ ಅದೇ ಗೋಪಿಯಿಂದ ಮರಳಿ ತರಬೇಕು. ಮೂರು ಕೊಟ್ಟು ಮತ್ತೆ ಮೂರು ತರುವ ಈ ಆಟದಲ್ಲಿ ವರ್ಷವೇ ಹೋಯಿತು.

ಗಿರವಿ ಅಂಗಡಿಯವರು ಮಾತ್ರ ಒಂದು ದಿನವೂ ಕೂಗಲಿಲ್ಲ, ಮುಖ ಸಣ್ಣ ಮಾಡಲಿಲ್ಲ. ಮುಂದಿನ ಜನವರಿಯಲ್ಲಿ ಒಂದು ಕಾಗದ ಬಂತು. ಅಸಲು ನಾಲ್ಕು ಸಾವಿರ, ವರ್ಷದ ಬಡ್ಡಿ ಸಾವಿರದ ನಾನೂರ ನಲವತ್ತು. ಎರಡೂ ಸೇರಿ ಇನ್ನು ಮುಂದೆ ಅಸಲು ಐದು ಸಾವಿರದ ನಾನೂರ ನಲವತ್ತು. ಮೇ ತಿಂಗಳ ಕೊನೆಯೊಳಗೆ ಬಿಡಿಸಿಕೊಳ್ಳದಿದ್ದರೆ ಒಡವೆ ಹರಾಜು.

ಆ ಕಾಗದವನ್ನು ಓದಿ ಹೇಳಿದವಳು ಪ್ರಭಾವತಿ. ಸ್ವಸಹಾಯ ಸಂಘದ ಲೆಕ್ಕ ಬರೆಯುವ ಹುಡುಗಿ. ಭಾನುವಾರ ಮಧ್ಯಾಹ್ನ ಸಂಘದ ಸಭೆ ಮುಗಿಸಿ ಅವಳು ಜಲಜಳ ಮನೆಗೇ ಬಂದಳು. ನೂರಕ್ಕೆ ಮೂರು ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು ಎಂದು ಬಿಡಿಸಿ ಹೇಳಿದಾಗ ಜಲಜ ಬೆರಳು ಮಡಚಿ ಮತ್ತೊಮ್ಮೆ ಎಣಿಸಿದಳು.

"ತಿಂಗ್ಳಿಗೆ ನೂರಿಪ್ಪತ್ತ್ ರೂಪಾಯಿ ಅಂದ್ರೆ ನಾಲ್ಕ್ ಕಿಲೋ ಬಂಗ್ಡೆ, ಜಲಜಕ್ಕ. ಅಷ್ಟ್ ಅದ್ ಸುಮ್ನೆ ಕೂಕಂಡ್ ತಿಂದಿತ್ತ್."

ಒಳಗಿನಿಂದ ಕುಷ್ಟ, ಪೇಟೆಯಲ್ಲಿ ನೂರಕ್ಕೆ ಐದರಂತೆ ಕೊಡುವವರೊಬ್ಬರಿದ್ದಾರೆ, ಅವರಿಂದ ತಂದು ಇದನ್ನು ಮುಗಿಸಿದರೆ ಹೇಗೆ ಎಂದ. ಮೂರರ ಸಾಲ ತೀರಿಸಲು ಐದರ ಸಾಲ ಎಂತಕ್ಕೆ ಎಂದು ಪ್ರಭಾವತಿ ಕೇಳಿದಾಗ ಅವನು ಬಲೆ ಹೆಣೆಯುವ ಕೆಲಸಕ್ಕೆ ಮರಳಿದ. ಓಲೆಯನ್ನು ಮಾರಿಬಿಡುವ ದಾರಿಯೂ ಇತ್ತು. ಸಾಲ ಕಳೆದು ಸಾವಿರದ ಐನೂರು ಚಿಲ್ಲರೆ ಕೈಗೆ ಬರುತ್ತಿತ್ತು. ಆ ಮಾತು ಬಂದಾಗ ಅಜ್ಜಿ ಕಿವಿಯ ಕಡ್ಡಿಯನ್ನು ಒಮ್ಮೆ ಮುಟ್ಟಿಕೊಂಡಳು.

"ಮಾರುಕಿಲ್ಲೆ" ಎಂದಳು ಜಲಜ. "ಆರೆ ಕೊಡುದ್ ಎಲ್ಲಿಂದ? ನಿಂಗೆ ಹೇಳುಕೆ ಸುಲಭ ಮಾರಾಯ್ತಿ. ನನ್ ಸಂಚಿಯೊಳ್ಗೆ ಎಂತ ಇತ್ತ್?"

ಪ್ರಭಾವತಿ ಸುತ್ತಮುತ್ತ ನೋಡಿದಳು. ಅಟ್ಟದ ಮೇಲೆ ಅಜ್ಜಿಯ ಚೆನ್ನೆಮಣೆ ಇತ್ತು. ಹದಿನಾಲ್ಕು ಗುಳಿಗಳ ಮರದ ಮಣೆ, ಗುಳಿಗೆ ನಾಲ್ಕರಂತೆ ಐವತ್ತಾರು ಕೆಂಪು ಮಂಜೊಟ್ಟಿ ಕಾಯಿ. ಅದನ್ನು ಕೆಳಗಿಳಿಸಿದಾಗ ಅಜ್ಜಿ ತಕರಾರು ತೆಗೆದಳು. ಆಸಾಡಿ ತಿಂಗಳು ಬರದೆ ಚೆನ್ನೆಮಣೆ ಮುಟ್ಟುವ ಕ್ರಮವಿಲ್ಲ.

"ಆಟ ಆಡುಕಲ್ಲ ಅಜ್ಜಿ. ನಿಮ್ಮ್ ಓಲೆ ಬಿಡ್ಸುಕೆ."

ಅಜ್ಜಿ ಕೂಡಲೇ ಮಣೆಯ ಧೂಳನ್ನು ಸೆರಗಿನಿಂದ ಒರೆಸಿಕೊಟ್ಟಳು.

ಮೀನಿನ ಅಸಲು, ಬಸ್ಸು, ಮಂಜುಗಡ್ಡೆಯ ಖರ್ಚು ಕಳೆದರೆ ಜಲಜಳಿಗೆ ತಿಂಗಳಿಗೆ ಎರಡು ಸಾವಿರದ ಇನ್ನೂರು ಉಳಿಯುತ್ತಿತ್ತು. ಕುಷ್ಟ ಕೂತಲ್ಲೇ ಬಲೆ ಹೆಣೆದು ತರುವುದು ಆರುನೂರು. ಒಟ್ಟು ಎರಡು ಸಾವಿರದ ಎಂಟುನೂರು. ಒಂದು ಕಾಯಿಗೆ ಐವತ್ತು ರೂಪಾಯಿ ಹಿಡಿದರೆ ಸರಿಯಾಗಿ ಐವತ್ತಾರು ಕಾಯಿ. ತಿಂಗಳಿಡೀ ಹೇಗೆ ಖರ್ಚಾಗುತ್ತದೋ ಹಾಗೆಯೇ ಗುಳಿಗೆ ತುಂಬಿಸು ಎಂದಳು ಪ್ರಭಾವತಿ. ಜಲಜ ಅಕ್ಕಿಗೆ ಹಾಕಿದಳು, ಔಷಧಿಗೆ ಹಾಕಿದಳು. ದೇವುವಿಗೆ ಎಂಟು, ಗೋಪಿಗೆ ಆರು. ಮದುವೆ ಮುಂಜಿಯ ಉಡುಗೊರೆಗೆ, ಎಲೆ ಅಡಿಕೆಗೆ, ಅಲ್ಲಿಗೆ, ಇಲ್ಲಿಗೆ. ಕಡೆಗೆ ಗಿರವಿಯದ್ದೆಂದು ಇಟ್ಟ ಗುಳಿಗೆ ಒಂದು ಕಾಯಿಯೂ ಉಳಿದಿರಲಿಲ್ಲ.

ಜಲಜ ಆ ಖಾಲಿ ಗುಳಿಯನ್ನೇ ನೋಡುತ್ತ ಕೂತಳು. ಅಜ್ಜಿಯೂ ಬಗ್ಗಿ ನೋಡಿದಳು.

"ಕಾಕಿಗೊಂದ್ ಮೀನ್, ಬೆಕ್ಕಿಗೊಂದ್ ಮೀನ್" ಎಂದಳು ಅಜ್ಜಿ ಮೆಲ್ಲಗೆ. "ಕಥಿ ನಿಂಗೆ ಎಷ್ಟ್ ಸಲ ಹೇಳಿದ್ದೆ ಹೆಣ್ಣೇ."

ಆಮೇಲೆ ಮೂವರೂ ಸೇರಿ ಕಾಯಿಗಳನ್ನು ಎತ್ತಿ ಮತ್ತೆ ಹಂಚಿದರು. ಅಕ್ಕಿ ಜಿನಸಿಗೆ ಇಪ್ಪತ್ತೆರಡು. ಅದರಲ್ಲಿ ಕೈ ಬಿಗಿ ಹಿಡಿಯುವ ಹಾಗಿಲ್ಲ, ಹೊಟ್ಟೆಯ ವಿಷಯ. ಔಷಧಿ, ದೀಪ, ಸಂಘದಿಂದ ತೆಗೆಯಲಿರುವ ಸಾಲದ ಕಂತು ತೆಗೆದಿಟ್ಟರು. ದೇವುವಿಗೆ ಎರಡು, ಗೋಪಿಗೆ ಎರಡು. ಹೇಳದೆ ಕೇಳದೆ ಬರುವ ಖರ್ಚಿಗೂ ಎರಡು. ಗಿರವಿಯ ಗುಳಿಗೆ ಹನ್ನೆರಡು ಕಾಯಿ ಬಿದ್ದಾಗ ಮಣೆ ಬೇರೆಯೇ ಕಂಡಿತು. ಸಂಘ ನೂರಕ್ಕೆ ಒಂದರ ಬಡ್ಡಿಯಲ್ಲಿ ಸಾಲ ಕೊಡುತ್ತಿತ್ತು. ಬೇರೆಯವರೂ ಸರದಿಯಲ್ಲಿದ್ದುದರಿಂದ ಮೂರು ಸಾವಿರವಷ್ಟೇ ಸಿಗುವುದು. ಅದನ್ನು ಗಿರವಿಗೆ ಕಟ್ಟಿದರೆ ಅಲ್ಲಿ ಉಳಿಯುವುದು ಎರಡು ಸಾವಿರದ ನಾನೂರ ನಲವತ್ತು. ತಿಂಗಳ ಬಡ್ಡಿ ನೂರ ಅರವತ್ತಮೂರು ಆಗುವ ಕಡೆ, ಎರಡೂ ಸಾಲ ಸೇರಿ ನೂರ ಮೂರಕ್ಕೆ ಇಳಿಯುತ್ತದೆ. ಕಂತಿನಲ್ಲಿ ಅಸಲು ಕಟ್ಟಿಸಿಕೊಳ್ಳುತ್ತೀರಾ ಎಂದು ಪ್ರಭಾವತಿ ಗಿರವಿ ಅಂಗಡಿಗೇ ಹೋಗಿ ಕೇಳಿದಳು. ಅವರು ಒಪ್ಪಿದರು. ಕೇಳಬಹುದೆಂದೇ ಜಲಜಳಿಗೆ ಗೊತ್ತಿರಲಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ದೇವುವಿನ ಅಂಗಡಿಯ ಮುಂದೆ ನಿಂತು ನಿಜ ಹೇಳುವುದಾಗಿತ್ತು. ಇನ್ನು ದಿನಾ ಕೊಡುವುದಿಲ್ಲ, ತಿಂಗಳಿಗೊಮ್ಮೆ ನೂರು ಕೊಡುತ್ತೇನೆ, ಓಲೆ ಬಿಡಿಸಿದ ಮೇಲೆ ಹೆಚ್ಚು ಕೊಡುತ್ತೇನೆ. ಇಷ್ಟು ಹೇಳಲು ಅವಳು ಎರಡು ಸಂಜೆ ಅಂಗಡಿ ದಾಟಿ ಹೋಗಿದ್ದಳು. ದೇವು ತಕ್ಕಡಿ ಕೆಳಗಿಟ್ಟು ಅವಳನ್ನೇ ನೋಡಿದ.

"ನೀವ್ ದಿನಾ ಕೊಟ್ಟ್ರೂ ನನ್ ಪುಸ್ತಕ ಹಾಂಗೇ ಇತ್ತಲ್ದಾ? ತಿಂಗ್ಳಿಗೊಂದ್ಸಲವೇ ಕೊಡಿ. ಆರೆ ಹೊಸ ಉದ್ರಿ ಇಲ್ಲೆ ಕಾಣಿ, ನಗದೇ."

ಗೋಪಿ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಒಂದು ಕಟ್ಟು ಬಸಳೆ ತಂದು ಜಗಲಿಯ ಮೇಲಿಟ್ಟು, ಅಜ್ಜಿಯ ಕಿವಿಯ ಕಡ್ಡಿ ನೋಡಿದರೆ ತನಗೂ ಸಂಕಟವಾಗುತ್ತದೆ ಎಂದು ಹೇಳಿ ಹೋದಳು.

ಜಲಜ ಹಳೆಯ ರವಿಕೆಯ ಬಟ್ಟೆಯಲ್ಲಿ ಇನ್ನೊಂದು ಸಂಚಿ ಹೊಲಿದಳು. ಕೆಂಪು ಸಂಚಿ ನಾಳೆಯ ಮೀನಿನ ಅಸಲಿಗೆ, ಅದಕ್ಕೆ ಮನೆಯವರು ಯಾರೂ ಕೈ ಹಾಕುವ ಹಾಗಿಲ್ಲ. ಹಸಿರು ಸಂಚಿ ಮನೆಗೆ. ಬೆಳಿಗ್ಗೆ ಗೋಪಿಯ ಬಾಗಿಲು ಬಡಿಯುವುದು ನಿಂತಿತು. ತಿಂಗಳ ಮೊದಲ ಭಾನುವಾರ ಮಣೆ ಇಳಿಸುವುದು ಆ ಮನೆಯ ಕ್ರಮವಾಯಿತು. ಕಾಯಿ ಎಣಿಸುವ ಕೆಲಸ ಅಜ್ಜಿಯದು. ಕುಷ್ಟ ಎಲೆ ಅಡಿಕೆಯ ಗುಳಿಗೆ ಒಂದು ಕಾಯಿ ಜಾಸ್ತಿ ಜಾರಿಸಿದರೆ ಅವಳ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು.

ಸಂಘದ ಮೂರು ಸಾವಿರ ಗಿರವಿಗೆ ಸೇರಿತು, ಫೆಬ್ರವರಿ, ಮಾರ್ಚ್ ಸರಿಯಾಗಿ ನಡೆಯಿತು. ಏಪ್ರಿಲ್ಲಿನಲ್ಲಿ ಬೋಟುಗಳು ಬರೀ ಬಲೆ ಹೊತ್ತು ಬಂದವು. ಗಿರವಿಗೆ ಹನ್ನೆರಡರ ಬದಲು ಆರೇ ಕಾಯಿ ಬಿದ್ದವು. ಬಡ್ಡಿ ಸೇರಿ ಮೇ ಕೊನೆಗೆ ಇನ್ನೂ ಸಾವಿರದ ನೂರ ನಲವತ್ತನಾಲ್ಕು ಬೇಕು, ಆ ತಿಂಗಳ ಗುಳಿಯಲ್ಲಿ ಆರುನೂರು. ಕುಷ್ಟ ಮತ್ತೆ ಐದರ ಬಡ್ಡಿಯವರ ಸುದ್ದಿ ತೆಗೆದ. ಜಲಜಳ ಮನಸ್ಸೂ ಒಂದು ಕ್ಷಣ ಆ ಕಡೆ ವಾಲಿತು. ಆಗ ಅವಳಿಗೆ ಹಾಲಾಡಿಯಲ್ಲಿ ಮಧ್ಯಾಹ್ನದ ಮೇಲೆ ಉಳಿಯುವ ಮೀನಿನ ನೆನಪಾಯಿತು. ಇಷ್ಟು ವರ್ಷ ಅದನ್ನು ಸಿಕ್ಕಿದ ರೇಟಿಗೆ ಕೊಟ್ಟು ಬರುತ್ತಿದ್ದಳು. ಅಜ್ಜಿಯ ಕಾಲದಲ್ಲಿ ಹಾಗಿರಲಿಲ್ಲ. ಉಳಿದದ್ದೆಲ್ಲ ಉಪ್ಪು ಹಚ್ಚಿಕೊಂಡು ಒಣಗುತ್ತಿತ್ತು, ಮಳೆ ಹಿಡಿಯುವ ಮುಂಚೆ ಒಳ್ಳೆಯ ಕ್ರಯಕ್ಕೆ ಹೋಗುತ್ತಿತ್ತು.

ಆ ಬೇಸಿಗೆಯಲ್ಲಿ ಅವರ ಅಂಗಳದ ಚಾಪೆಯ ಮೇಲೆ ಮತ್ತೆ ಮೀನು ಒಣಗಿತು. ಎಂಬತ್ತು ದಾಟಿದ ಅಜ್ಜಿ ಉದ್ದದ ಕೋಲು ಹಿಡಿದು ಜಗಲಿಯಲ್ಲಿ ಕಾವಲು ಕೂತಳು. ಕಾಗೆ ಬಂದರೆ ಕೋಲು ಬಡಿದು, "ಹೋಯ್, ನಿನ್ ಬಾಕಿ ತಿಂಗ್ಳ ಕಡಿಗೆ" ಎನ್ನುತ್ತಿದ್ದಳು. ಒಣಮೀನಿನಿಂದ ಐನೂರ ಎಪ್ಪತ್ತು ಬಂತು.

ಮೇ ಇಪ್ಪತ್ತೇಳರಂದು ಗಿರವಿ ಅಂಗಡಿಯವರು ಓಲೆಯನ್ನು ತೂಗಿ ತೋರಿಸಿ ಕಾಗದದ ಪೊಟ್ಟಣ ಕೊಟ್ಟರು. ಪ್ರಭಾವತಿ ಹೇಳಿಕೊಟ್ಟಿದ್ದ ಹಾಗೆ ಜಲಜ ಸಾಲ ಪೂರ್ತಿ ತೀರಿತೆಂದು ರಸೀದಿಯ ಮೇಲೆ ಬರೆಸಿಕೊಂಡು, ಪೊಟ್ಟಣವನ್ನು ಹಸಿರು ಸಂಚಿಗೆ ಸೇರಿಸಿ, ತಲ್ಲೂರಿನ ಬಸ್ಸಿಗೆ ಕಾದು ನಿಂತಳು.

ಬಸ್ಸು ಬರಲು ಇನ್ನೂ ಹೊತ್ತಿದೆ. ಅಷ್ಟರೊಳಗೆ, ಇದನ್ನು ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಹತ್ತಿರ ಒಂದು ಮಾತು. ಅಜ್ಜಿಯ ಕಥೆಯ ಹುಳ ಇನ್ನೊಂದು ದೋಣಿ ಹುಡುಕಿಕೊಂಡು ಹೋಗಿದೆ. ಒಮ್ಮೆ ನಿಮ್ಮ ಹಲಗೆಯನ್ನೂ ತಟ್ಟಿ ನೋಡಿ. ಯಾರಿಗೆಲ್ಲ ಎಷ್ಟು ಕೊಡಬೇಕು, ತಿಂಗಳಿಗೆ ಬಡ್ಡಿ ಎಷ್ಟು, ವರ್ಷಕ್ಕೆ ಎಷ್ಟು, ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಕೂಗುವವರಿಗಲ್ಲ, ಹೆಚ್ಚು ಬಡ್ಡಿ ತಿನ್ನುವ ಸಾಲಕ್ಕೆ ಮೊದಲು ಕಟ್ಟಿ. ಉಳಿದವರ ಎದುರು ತಲೆ ತಪ್ಪಿಸಿಕೊಳ್ಳದೆ, ನಿಜ ಹೇಳಿ ಸಮಯ ಕೇಳಿ. ಹಳೆಯ ಸಾಲಕ್ಕೆ ಹೊಸ ಸಾಲ ಮಾಡುವುದಾದರೆ ಹೊಸದರ ಬಡ್ಡಿ ಕಡಿಮೆ ಇದ್ದರೆ ಮಾತ್ರ. ವ್ಯಾಪಾರದ ಅಸಲು ಬೇರೆ ಸಂಚಿಯಲ್ಲಿರಲಿ. ಚೆನ್ನೆಮಣೆ ಇಲ್ಲದಿದ್ದರೆ ಹುಣಸೆ ಬೀಜವಾದರೂ ಸಾಕು, ಮನೆಯವರೆಲ್ಲ ಕೂತು ಹಂಚಿ. ಖಾಲಿ ಗುಳಿ ಯಾವುದೆಂದು ಆಗ ನಿಮಗೇ ಕಾಣುತ್ತದೆ.

ಅಗೋ, ಬಸ್ಸು ಬಂತು.

ಮನೆಗೆ ಬಂದಾಗ ಅಜ್ಜಿ ಖಾಲಿ ಚಾಪೆಯ ಪಕ್ಕ ಕೋಲು ಹಿಡಿದೇ ಕೂತಿದ್ದಳು. ಜಲಜ ಕೈಕಾಲು ತೊಳೆದು ಬಂದು ಎದುರಿಗೆ ಕೂತಳು. ಅಜ್ಜಿಯ ಕಿವಿಯಿಂದ ಕಡ್ಡಿಯನ್ನು ಮೆಲ್ಲಗೆ ಎಳೆದು ತೆಗೆದಳು. ಒಂದು ವರ್ಷ ನಾಲ್ಕು ತಿಂಗಳು ಕಾದಿದ್ದ ತೂತು ತೆರೆದೇ ಇತ್ತು. ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ. ಅಜ್ಜಿ ಭಾರ ನೋಡುವವಳಂತೆ ತಲೆಯನ್ನು ಒಮ್ಮೆ ಆಡಿಸಿದಳು.

ಜಲಜ ಬೆರಳ ತುದಿಯಿಂದ ಬೆಂಡೋಲೆಯನ್ನು ಮುಟ್ಟಿದಳು. ಅದು ತೂಗಿತು.